ಬಿಸಿಲೂರಿನಲ್ಲಿ ಸಣ್ಣ ಕಟ್ಟಡ ಕಂಪನಿ: ಕಟ್ಟುವುದು ಹೇಗೆ, ನಡೆಸುವುದು ಹೇಗೆ?

ಕಲಬುರಗಿ ಸೀಮೆಯಲ್ಲಿ ಮನೆ ಕಟ್ಟುವ ಹಂಗಾಮನ್ನು ತೊಗರಿ ನಿರ್ಧರಿಸುತ್ತದೆ. ಡಿಸೆಂಬರ್–ಜನವರಿಯಲ್ಲಿ ರಾಶಿ ಮುಗಿದು, ಮಾಲು ಮಾರಿ ರೊಕ್ಕ ಕೈಸೇರಿದ ಮೇಲೆ ಗಿರಾಕಿ ಗುತ್ತೇದಾರನನ್ನು ಹುಡುಕಿಕೊಂಡು ಬರುತ್ತಾನೆ. ಪಾಯ ತೋಡುವಷ್ಟರಲ್ಲಿ ಶಿವರಾತ್ರಿ, ಸ್ಲ್ಯಾಬ್ ಹಾಕುವ ಹೊತ್ತಿಗೆ ಏಪ್ರಿಲ್. ಬಾವಿ ಬತ್ತಿ, ಬಿಸಿಲು 42 ಡಿಗ್ರಿ ದಾಟುವ ತಿಂಗಳಲ್ಲೇ ನೀರೂ ಆಳೂ ಎಲ್ಲಕ್ಕಿಂತ ಹೆಚ್ಚು ಬೇಕಾಗುತ್ತವೆ. ಮಿರಗ (ಮೃಗಶಿರಾ ಮಳೆ) ಹುಟ್ಟಿ ಬಿತ್ತನೆ ಶುರುವಾದರೆ ಆಳುಗಳು ಹೊಲಕ್ಕೆ ಹೋಗುತ್ತಾರೆ, ಅರ್ಧ ಕಟ್ಟಿದ ಮನೆ ಮಳೆಯಲ್ಲಿ ನೆನೆಯುತ್ತದೆ.

ಪರಿಸರವನ್ನೂ ಊರಿನ ಜನರನ್ನೂ ಮನಸ್ಸಿನಲ್ಲಿಟ್ಟು ಇಲ್ಲಿ ಕಟ್ಟಡ ಕಂಪನಿ ನಡೆಸಬೇಕೆನ್ನುವವರು ಮೊದಲು ಈ ಚಕ್ರವನ್ನು ಅರಿಯಬೇಕು. ಬೆಂಗಳೂರಿನ ಹಸಿರು ಮನೆಗಳ ಪಟ್ಟಿ ತಂದು ಇಲ್ಲಿಗೆ ಅಂಟಿಸಿದರೆ ಅರ್ಧದಷ್ಟು ಕೆಲಸಕ್ಕೆ ಬಾರದು. ಡಿಪ್ಲೊಮಾ ಮುಗಿಸಿದ ಇಬ್ಬರು ಗೆಳೆಯರು ಒಬ್ಬ ಅನುಭವಿ ಗೌಂಡಿಯನ್ನು ಜೊತೆಗಿಟ್ಟುಕೊಂಡು ಇಂಥದೊಂದು ಕಂಪನಿ ಕಟ್ಟುವುದಾದರೆ ಯಾವುದರ ನಂತರ ಯಾವುದು ಎಂದು ನೋಡೋಣ.

ಹೆಜ್ಜೆ 1: ಕಾಗದಪತ್ರ

ಇದನ್ನು ಬೇಗ ಮುಗಿಸಿಬಿಡಿ. ಇಬ್ಬರು ಮೂವರಿದ್ದರೆ ಪಾಲುದಾರಿಕೆ ಸಂಸ್ಥೆ ಸಾಕು. ಆದರೆ ಪಾಲುದಾರಿಕೆ ಪತ್ರ ಬರೆಸಿ ಕಪಾಟಿನಲ್ಲಿಟ್ಟರೆ ಸಾಲದು, ನೋಂದಣಿ ಮಾಡಿಸಬೇಕು. ನೋಂದಣಿಯಾಗದ ಸಂಸ್ಥೆ ಬಾಕಿ ವಸೂಲಿಗೆ ಕೋರ್ಟಿಗೆ ಹೋಗಲಾಗದು ಎಂದು 1932ರ ಕಾಯ್ದೆಯೇ ಹೇಳುತ್ತದೆ. ಆ ಗೌಂಡಿಯನ್ನೂ ಪಾಲುದಾರನನ್ನಾಗಿ ಮಾಡಿಕೊಳ್ಳಿ ಎಂಬುದು ನನ್ನ ಸಲಹೆ. ಅವನ ಕೈಕೆಲಸದ ಮೇಲೆ ನಿಂತ ಕಂಪನಿಯಲ್ಲಿ ಅವನು ಕೂಲಿಯವನಾಗಿಯೇ ಉಳಿದರೆ ಸಮುದಾಯದ ಮಾತು ಅಲ್ಲಿಗೇ ಮುಗಿಯಿತು.

ಸಣ್ಣ ಉದ್ದಿಮೆಗಳಿಗಾಗಿ ಇರುವ ಕೇಂದ್ರ ಸರ್ಕಾರದ ‘ಉದ್ಯಮ್’ ನೋಂದಣಿಗೆ ಶುಲ್ಕವಿಲ್ಲ, ಮಧ್ಯವರ್ತಿಗೆ ದುಡ್ಡು ಕೊಡಬೇಡಿ. ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಸಾಮಾನು ಸಮೇತ ಗುತ್ತಿಗೆ ಹಿಡಿದರೆ ಶೇ 18 ತೆರಿಗೆ. ಒಂಟಿ ಮನೆಗೆ ಬರೀ ಕೂಲಿ ಗುತ್ತಿಗೆ ಆದರೆ ವಿನಾಯಿತಿ ಇದೆ. ಗಿರಾಕಿಯ ಜಾಗದಲ್ಲಿ ಅವನಿಗಾಗಿಯೇ ಮನೆ ಕಟ್ಟುವವರು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಚಿಂತೆ ಮಾಡಬೇಕಿಲ್ಲ. ನೀವೇ ಜಾಗ ಕೊಂಡು ಫ್ಲ್ಯಾಟ್ ಕಟ್ಟಿ ಮಾರುವ ದಿನ ಬಂದರೆ 2016ರ ಆ ಕಾಯ್ದೆ ಓದಿಕೊಳ್ಳಿ.

ಹೆಜ್ಜೆ 2: ಮೌಲ್ಯವನ್ನು ಕೊಟೇಶನ್ನಿಗೆ ಇಳಿಸಿ

ವಿಸಿಟಿಂಗ್ ಕಾರ್ಡಿನ ಮೇಲೆ ‘ಕಾಯಕವೇ ಕೈಲಾಸ’ ಎಂದು ಅಚ್ಚು ಹಾಕಿಸಲು ಬಸವಕಲ್ಯಾಣದ ಸೀಮೆಯಲ್ಲಿ ಯಾರೂ ಹಿಂದೆ ಬಿದ್ದಿಲ್ಲ. ಕಷ್ಟವಿರುವುದು ಆ ಮಾತಿಗೆ ದರ ಹಚ್ಚುವುದರಲ್ಲಿ. ನಮ್ಮ ಕಡೆ ಮನೆಯ ಮಾತುಕತೆ ‘ಚದರಡಿಗೆ ಎಷ್ಟು?’ ಎಂಬಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತದೆ. ಹಾಗೆ ಒಂದೇ ಅಂಕಿಯಲ್ಲಿ ಒಪ್ಪಿಕೊಂಡ ಕೆಲಸದಲ್ಲಿ ಮಳೆನೀರಿನ ಟಾಕಿ, ಆಳುಗಳ ವಿಮೆ, ಹೆಂಗಸರಿಗೊಂದು ಶೌಚಾಲಯ ಇವೆಲ್ಲ ‘ಆಮೇಲೆ ನೋಡೋಣ’ ಬಾಬತ್ತಿಗೆ ಸೇರುತ್ತವೆ. ಏಪ್ರಿಲ್‌ನಲ್ಲಿ ಕಬ್ಬಿಣದ ದರ ಏರಿದರೆ ಮೊದಲು ಬೀಳುವ ತಲೆ ಇವುಗಳದ್ದೇ.

ಆದ್ದರಿಂದ ಚದರಡಿ ದರ ಹೇಳಿದರೂ ಅದರ ಕೆಳಗೆ ಬಾಬತ್ತುವಾರು ಪಟ್ಟಿ ಕೊಡಿ. ಪಾಯ ಎಷ್ಟು, ಗೋಡೆ ಎಷ್ಟು, ಸ್ಲ್ಯಾಬ್ ಎಷ್ಟು ಎನ್ನುವ ಸಾಲುಗಳ ಜೊತೆಗೇ ‘ಕಾಂಕ್ರೀಟಿಗೆ ನೀರುಣಿಸುವ (ಕ್ಯೂರಿಂಗ್) ಖರ್ಚು’, ‘ಕಾರ್ಮಿಕರ ವಿಮೆ ಮತ್ತು ನೆರಳು’, ‘ಮಳೆನೀರಿನ ಕೊಳವೆ, ಟಾಕಿ’, ‘ಉಳಿದ ಮಣ್ಣು–ಕಲ್ಲು ಸಾಗಣೆ’ ಇವಕ್ಕೂ ಒಂದೊಂದು ಸಾಲು, ಒಂದೊಂದು ಮೊತ್ತ ಇರಲಿ. ಗಿರಾಕಿ ಚೌಕಾಶಿಗೆ ಕೂತರೆ ಏನು ತೆಗೆಯುತ್ತಿದ್ದೇನೆ ಎಂಬುದು ಅವನ ಕಣ್ಣಿಗೂ ಕಾಣಬೇಕು. ಟೈಲ್ಸ್ ಬದಲು ಫರಸಿ ಕಲ್ಲು ಹಾಕಿಸಿ ಉಳಿಸಿ, ಮುಂಬಾಗಿಲ ಕೆತ್ತನೆ ಬಿಟ್ಟು ಉಳಿಸಿ, ವಿಮೆಯ ಸಾಲು ಮಾತ್ರ ತೆಗೆಯುವುದಿಲ್ಲ ಎಂದು ಹೇಳಲು ಕಾಗದವೇ ಆಸರೆ. ಕೆಲವರು ಎದ್ದು ಹೋಗುತ್ತಾರೆ. ಹೋಗಲಿ, ವರ್ಷಕ್ಕೆ ನಾಲ್ಕೈದು ಮನೆ ಕಟ್ಟುವವರಿಗೆ ಎಲ್ಲ ಗಿರಾಕಿಗಳೂ ಬೇಕಿಲ್ಲ.

ಹೆಜ್ಜೆ 3: ಜಾಗ ನೋಡಿ, ಮಣ್ಣು ನೋಡಿ

ಕಲಬುರಗಿ, ಬೀದರ್ ಕೋಟೆಗಳ ಆಸುಪಾಸು ಜಾಗವಾದರೆ ಅಳತೆ ಪಟ್ಟಿ ಮೊದಲು ಹಿಡಿಯಿರಿ. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆ ಮತ್ತೆ 200 ಮೀಟರ್‌ವರೆಗೆ ಅನುಮತಿ ಬೇಕು. ಬೀದರಿನ ನೌಬಾದ್ ಕಡೆಯಾದರೆ ಇನ್ನೊಂದು ಮಾತು: ಬಹಮನಿ ಕಾಲದ ಕರೇಜ್, ಅಂದರೆ ಸುರಂಗದಲ್ಲಿ ನೀರು ಹರಿಸುವ ವ್ಯವಸ್ಥೆ, ಆ ನೆಲದಡಿ ಸಾಗಿದೆ. ಅದರ ಗಾಳಿಬಾವಿಗಳನ್ನು ಮುಚ್ಚಿ ಅಥವಾ ಪಕ್ಕದಲ್ಲೇ ಬೋರ್ ಕೊರೆದು ಕಟ್ಟುವ ಕೆಲಸ ಎಷ್ಟೇ ಲಾಭದ್ದಾದರೂ ಒಪ್ಪಿಕೊಳ್ಳಬೇಡಿ.

ಇನ್ನು ಮಣ್ಣು. ಕಲಬುರಗಿ ಎರೆಭೂಮಿ ತೊಗರಿಗೆ ಚಿನ್ನ, ಪಾಯಕ್ಕೆ ಶತ್ರು. ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಿರಿಯುತ್ತದೆ. ಜೊತೆಗೆ ಗೋಡೆಯನ್ನೂ ಬಿರಿಸುತ್ತದೆ. ಗಟ್ಟಿ ಮುರುಮ್ (ಗರಸು ಮಣ್ಣು) ಸಿಗುವತನಕ ತೋಡುವುದು, ಎರೆ ತೆಗೆದು ಮುರುಮ್ ತುಂಬಿ ದಮ್ಮಸು ಹಾಕುವುದು, ಪಾಯದ ಮೇಲೆ ಸುತ್ತ ಹಾಯುವ ಕಾಂಕ್ರೀಟ್ ತೊಲೆ (ಪ್ಲಿಂತ್ ಬೀಮ್) ತಪ್ಪಿಸದಿರುವುದು ಕನಿಷ್ಠ ಕ್ರಮ. ಎರೆ ಬಹಳ ಆಳವಿದ್ದರೆ ತಳದಲ್ಲಿ ಗಡ್ಡೆಯಂತೆ ಅಗಲಿಸಿ ನೆಲದೊಳಗೆ ಇಳಿಸುವ ಕಾಂಕ್ರೀಟ್ ಕಂಬ, ಅಂದರೆ ಅಂಡರ್‌ರೀಮ್ಡ್ ಪೈಲ್ ಬೇಕಾಗಬಹುದು. ಅದನ್ನು ಸ್ಟ್ರಕ್ಚರಲ್ ಇಂಜಿನಿಯರ್ ಹೇಳಲಿ, ಗೌಂಡಿಯೂ ನೀವೂ ಅಂದಾಜಿನಲ್ಲಿ ತೀರ್ಮಾನಿಸಬೇಡಿ. ಮನೆಯ ಸುತ್ತ ಹೊರಕ್ಕೆ ಇಳಿಜಾರಾಗಿ ಫರಸಿ ಹಾಸಿದರೆ ಪಾಯದ ಬುಡಕ್ಕೆ ನೀರಿಳಿಯುವುದು ಕಡಿಮೆಯಾಗುತ್ತದೆ. ತೆಗೆದ ಎರೆಮಣ್ಣನ್ನು ನಾಲೆಗೆ ಸುರಿಯುವುದು ಇಲ್ಲಿನ ಚಾಳಿ. ಅದು ಫಲವತ್ತಾದ ಮಣ್ಣು. ಹತ್ತಿರದ ಹೊಲದವರಿಗೆ, ಶಾಲೆಯ ತೋಟಕ್ಕೆ ಒಯ್ದು ಹಾಕಿ.

ಹೆಜ್ಜೆ 4: ಸಾಮಾನಿನ ಆಯ್ಕೆ

ಪರಿಸರಸ್ನೇಹಿ ಎಂದ ಕೂಡಲೇ ಮಣ್ಣಿನ ಇಟ್ಟಿಗೆ ನೆನಪಾಗುತ್ತದೆ. ಅಚ್ಚಿನಲ್ಲಿ ಒತ್ತಿದ ಮಣ್ಣಿನ ಬ್ಲಾಕ್‌ಗೆ ಮರಳು ಬೆರೆತ ಕೆಂಪು ಮಣ್ಣು ಬೇಕು. ಎರೆಮಣ್ಣಿನ ಜೇಡಿ ಉಬ್ಬುವ ಜಾತಿಯದು, ಸಿಮೆಂಟ್ ಬೆರೆಸಿದರೂ ಅಂಥ ಬ್ಲಾಕ್ ನೆಚ್ಚಿಕೊಳ್ಳುವಂತಿಲ್ಲ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಪ್ರಯತ್ನಿಸಬಹುದು. ಕಲಬುರಗಿಯ ಎರೆಯಲ್ಲಿ ಬೇರೆ ದಾರಿ ಹುಡುಕಬೇಕು.

ಆ ದಾರಿ ನಮ್ಮ ಕಾಲ ಕೆಳಗೇ ಇದೆ. ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತಲಿನ ಸುಣ್ಣಕಲ್ಲು ಪದರುಪದರಾಗಿ ಏಳುತ್ತದೆ. ಅದೇ ದೇಶದ ರೈಲು ನಿಲ್ದಾಣ, ಗೋದಾಮುಗಳಿಗೆಲ್ಲ ಹೋದ ಶಹಾಬಾದಿ ಫರಸಿ. ಹಳೆಯ ಮನೆಗಳಲ್ಲಿ ನೆಲಕ್ಕೆ, ಅಡುಗೆ ಕಟ್ಟೆಗೆ, ಗೋಡೆಯ ಕಪಾಟಿಗೆ, ಹೊಲದ ಬೇಲಿಗೆ ಎಲ್ಲಕ್ಕೂ ಇದೇ ಕಲ್ಲು. ಬರಿಗಾಲಿಗೆ ತಂಪು, ದಶಕಗಳ ಬಾಳಿಕೆ, ಸಾಗಣೆ ಹತ್ತಿರ. ಈಗ ನಮ್ಮವರೇ ಗುಜರಾತಿನ ಟೈಲ್ಸ್ ತರಿಸಿ ಹಾಸುತ್ತಾರೆ. ಗಿರಾಕಿಗೆ ಒಂದು ಎಚ್ಚರಿಕೆ ಮೊದಲೇ ಹೇಳಿ: ಇದು ಸುಣ್ಣಕಲ್ಲು, ನಿಂಬೆಹುಳಿ, ಹುಣಸೆರಸ, ಬಚ್ಚಲು ತೊಳೆಯುವ ಆ್ಯಸಿಡ್ ಬಿದ್ದರೆ ಕಲೆ ಉಳಿಯುತ್ತದೆ. ಆಮೇಲೆ ಜಗಳ ಬೇಡ.

ಗಣಿಗಳ ಪಕ್ಕ ಗುಡ್ಡ ಬಿದ್ದಿರುವ ಒಡೆದ ತುಂಡುಗಳನ್ನೂ ನೋಡಿ. ಅಂಗಳದ ಹಾಸಿಗೆ, ಕಂಪೌಂಡ್ ಗೋಡೆಗೆ, ಪ್ಲಿಂತ್ ಒಳಗಿನ ತುಂಬುವಿಕೆಗೆ ಅವು ಸಾಕು. ಎಲ್ಲಿಂದ ತಂದಿರಿ ಎಂಬುದಕ್ಕೆ ರಸೀದಿ ಇರಲಿ. ಮರಳಿಗೂ ಇದೇ ಮಾತು. ಭೀಮಾ, ಕಾಗಿಣಾ ಪಾತ್ರದಿಂದ ರಾತ್ರಿ ಬರುವ ಟಿಪ್ಪರ್ ಅಗ್ಗ ಎನಿಸಬಹುದು. ಪರ್ಮಿಟ್ ಇಲ್ಲದ ಮರಳು ನಿಮ್ಮ ಸೈಟಿನಲ್ಲಿ ಇಳಿಯಬಾರದು. ಕಲ್ಲು ಪುಡಿಮಾಡಿ ತಯಾರಿಸಿದ ಎಂ–ಸ್ಯಾಂಡ್ ಬಳಸಿ, ಆದರೆ ಕ್ರಷರ್ ಧೂಳನ್ನೇ ಎಂ–ಸ್ಯಾಂಡ್ ಎಂದು ಸುರಿಯುವವರಿದ್ದಾರೆ. ಗಾಜಿನ ಬಾಟಲಿಯಲ್ಲಿ ನೀರು ಬೆರೆಸಿ ಕುಲುಕಿಟ್ಟು, ಮೇಲೆ ನಿಂತ ಧೂಳಿನ ಪದರ ನೋಡಿದರೆ ಅರ್ಧ ಗುಟ್ಟು ತಿಳಿಯುತ್ತದೆ.

ಸಿಮೆಂಟ್ ವಿಷಯದಲ್ಲಿ ನಾವು ಕಾರ್ಖಾನೆಯ ನೆರಳಲ್ಲೇ ಇದ್ದೇವೆ: ವಾಡಿ, ಸೇಡಂ, ಮಳಖೇಡ. ಸಾಗಣೆ ಕಡಿಮೆ ಎಂಬುದು ನಿಜ. ಆದರೆ ಶುದ್ಧ ಸುಣ್ಣಕಲ್ಲು 100 ಕಿಲೊ ಸುಟ್ಟರೆ ಕಲ್ಲಿನಿಂದಲೇ 44 ಕಿಲೊ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ, ಇಂಧನದ ಹೊಗೆ ಬೇರೆ. ಹಾಗಾಗಿ ಸಿಮೆಂಟ್ ಕಡಿಮೆ ಬಳಸುವುದೇ ದೊಡ್ಡ ಉಳಿತಾಯ. ಗೋಡೆ, ಗಿಲಾವಿಗೆ ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟ್ ಸಾಕು. ಅದರಲ್ಲಿ ಶೇ 15ರಿಂದ 35ರವರೆಗೆ ಬೂದಿ ಇರುತ್ತದೆ. ಸ್ಲ್ಯಾಬಿಗೂ ಬಳಸಬಹುದು, ಗಟ್ಟಿಯಾಗಲು ನಿಧಾನ, ಸೆಂಟ್ರಿಂಗ್ (ಸ್ಲ್ಯಾಬಿಗೆ ಕೊಟ್ಟ ಆಸರೆ) ಬಿಚ್ಚಲು ಅವಸರ ಮಾಡಬಾರದು ಅಷ್ಟೆ. ರಾಯಚೂರಿನ ಶಕ್ತಿನಗರದ ಬೂದಿ ಇಟ್ಟಿಗೆಯ ರೂಪದಲ್ಲೂ ಸಿಗುತ್ತದೆ. ಅಳತೆ ಸಮವಾಗಿರುವ ಇಂಥ ಇಟ್ಟಿಗೆಯಿಂದ ರ‍್ಯಾಟ್ ಟ್ರ್ಯಾಪ್ ಕಟ್ಟು ಹಾಕಿದರೆ ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುತ್ತದೆ. ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಟೊಳ್ಳು ಬಿಡುವ ಈ ಪದ್ಧತಿಯನ್ನು ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಜನಪ್ರಿಯಗೊಳಿಸಿದರು. ಟೊಳ್ಳಿನೊಳಗಿನ ಗಾಳಿ ಬಿಸಿಲನ್ನೂ ತಡೆಯುತ್ತದೆ. ಯಾದಗಿರಿ ಕಡೆ ಇಟ್ಟಿಗೆಗಿಂತ ಗ್ರಾನೈಟ್ ಕಲ್ಲು ಹತ್ತಿರ. ಅಲ್ಲಿ ಕಲ್ಲಿನ ಗೋಡೆಯೇ ಸರಿ.

ಪಡುವಣ ಗೋಡೆಯಲ್ಲಿ ಕಿಟಕಿ ಕಡಿಮೆ, ಮಾಳಿಗೆಯ ಮೇಲೆ ಸುಣ್ಣದ ಬಿಳಿ ಲೇಪ. ಇದಕ್ಕೆ ಹೆಚ್ಚು ವಿವರಣೆ ಬೇಕಿಲ್ಲ, ಮೇ ತಿಂಗಳ ಒಂದು ಮಧ್ಯಾಹ್ನ ಸಾಕು.

ಹೆಜ್ಜೆ 5: ನೀರಿನ ಲೆಕ್ಕ

ಪಿಪಿಸಿ ಕಾಂಕ್ರೀಟಿಗೆ ಕನಿಷ್ಠ 10 ದಿನ, ಇಂಥ ಒಣ ಬಿಸಿಲಿನಲ್ಲಿ 14 ದಿನ ನೀರುಣಿಸಬೇಕು. ಟ್ಯಾಂಕರ್ ನೀರನ್ನು ಪೈಪಿನಿಂದ ಸಿಂಪಡಿಸಿದರೆ ಬಹುಪಾಲು ಗಾಳಿಗೆ ಹೋಗುತ್ತದೆ. ಸ್ಲ್ಯಾಬಿನ ಮೇಲೆ ಸಣ್ಣ ಮಡಿ ಕಟ್ಟಿ ನೀರು ನಿಲ್ಲಿಸಿ. ಕಂಬ, ಗೋಡೆಗಳಿಗೆ ಗೋಣಿತಟ್ಟು ಸುತ್ತಿ ತೋಯಿಸಿಡಿ. ದಾಲ್ ಮಿಲ್‌ಗಳ ಊರಿನಲ್ಲಿ ಹಳೆಯ ಗೋಣಿಚೀಲಕ್ಕೆ ಬರವಿಲ್ಲ. ಇನ್ನೂ ಒಳ್ಳೆಯದೆಂದರೆ ಗಿರಾಕಿಯನ್ನು ದೀಪಾವಳಿಗೇ ಒಪ್ಪಿಸಿ, ರಾಶಿಗೆ ಮೊದಲೇ ಪಾಯ ಮುಗಿಸಿ, ಮಾರ್ಚ್ ಒಳಗೆ ಸ್ಲ್ಯಾಬ್ ಹಾಕುವುದು. ಒಳಗಿನ ಕೆಲಸ ಮಳೆಗಾಲಕ್ಕೆ ಇರಲಿ.

ಮಳೆನೀರಿಗೆ ಸರಳ ಗುಣಾಕಾರ: 1,000 ಚದರಡಿ ಮಾಳಿಗೆ ಎಂದರೆ ಸುಮಾರು 93 ಚದರ ಮೀಟರ್. ವರ್ಷಕ್ಕೆ 700 ಮಿ.ಮೀ. ಮಳೆ ಹಿಡಿದು, ಐದರಲ್ಲಿ ಒಂದು ಪಾಲು ಪೋಲು ಎಂದು ಕಳೆದರೂ ಸುಮಾರು 52,000 ಲೀಟರ್. ಎರೆಭೂಮಿಯಲ್ಲಿ ಇಂಗುಗುಂಡಿ ನೀರನ್ನು ಬೇಗ ಕುಡಿಯುವುದಿಲ್ಲ, ಪಾಯದ ಪಕ್ಕ ತೋಡಿದರಂತೂ ಅಪಾಯ. ಟಾಕಿ ಕಟ್ಟಿ, ಇಲ್ಲವೇ ಓಣಿಯಲ್ಲಿ ಹಾಳುಬಿದ್ದ ಹಳೆ ಬಾವಿ ಇದ್ದರೆ ಸೋಸಿ ಅದಕ್ಕೆ ಬಿಡಿ.

ಹೆಜ್ಜೆ 6: ಬಟವಾಡೆ ಮತ್ತು ಬಿಸಿಲು

ಕಲಬುರಗಿ, ಯಾದಗಿರಿ ಹಳ್ಳಿಗಳ ಜನ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೋಗಿ ಕಟ್ಟುವುದೂ ಕಟ್ಟಡವನ್ನೇ. ಊರಲ್ಲೇ ಇದ್ದು ಅದೇ ಕೆಲಸ ಮಾಡಲು ಅವರು ಕೇಳುವುದು ಎರಡು: ಸತತ ಕೆಲಸ ಮತ್ತು ವಾರಕ್ಕೆ ಸರಿಯಾಗಿ ಬಟವಾಡೆ. ಗಿರಾಕಿ ಕೊಟ್ಟಿಲ್ಲ ಎಂಬ ಕಾರಣವನ್ನು ಆಳಿಗೆ ಹೇಳಬಾರದು. ಅದಕ್ಕಾಗಿ ಎರಡು ಮೂರು ವಾರದ ಬಟವಾಡೆಯಷ್ಟು ಹಣ ಬೇರೆ ಖಾತೆಯಲ್ಲಿ ಸದಾ ಇರಬೇಕು. ಮುಂಗಡ ಕೊಟ್ಟು ಆಳನ್ನು ಕಟ್ಟಿಹಾಕುವ ಹಳೆಯ ರೂಢಿ ಬಿಟ್ಟುಬಿಡಿ.

ಪುಟ್ಟಿ ಹೊರುವ ಹೆಂಗಸಿಗೆ ಗಂಡಾಳಿಗಿಂತ ಕಡಿಮೆ ಕೂಲಿ ಎಂಬುದನ್ನು ಎಲ್ಲರೂ ಸಹಜವೆಂದು ಒಪ್ಪಿಬಿಟ್ಟಿದ್ದಾರೆ. ಒಂದೇ ಕೆಲಸಕ್ಕೆ ಒಂದೇ ಕೂಲಿ ಎಂಬುದು 1976ರಿಂದಲೇ ಕಾನೂನು. ಸಮ ಕೂಲಿಯ ಜೊತೆಗೆ ಅವರಲ್ಲಿ ಆಸಕ್ತಿ ಇದ್ದವರ ಕೈಗೆ ಕರಣಿ ಕೊಟ್ಟು ಗಿಲಾವು, ಫರಸಿ ಕೆಲಸ ಕಲಿಸಿ. ಮೊದಮೊದಲು ಗೌಂಡಿಗಳು ಗೊಣಗುತ್ತಾರೆ.

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವುದುಂಟು. ಫ್ಯಾನಿನ ಕೆಳಗೆ ಕೂತವರಿಗೇ ಈ ರಿಯಾಯಿತಿ ಇದ್ದರೆ ಸ್ಲ್ಯಾಬಿನ ಮೇಲೆ ನಿಂತವರಿಗೆ? ಬೆಳಿಗ್ಗೆ 6ಕ್ಕೆ ಶುರು ಮಾಡಿ, 12ಕ್ಕೆ ನಿಲ್ಲಿಸಿ, ಬೇಕಾದರೆ ಸಂಜೆ 4ರ ಮೇಲೆ ಮತ್ತೆ. ತೊಗರಿ ಕಟ್ಟಿಗೆಯ ತಟ್ಟಿ ಹಾಕಿ ನೆರಳು ಮಾಡಿ, ಕೊಡದಲ್ಲಿ ಕುಡಿಯುವ ನೀರಿಡಿ. ಕೂಸುಗಳಿದ್ದರೆ ಅದೇ ನೆರಳಿನಲ್ಲಿ ಅವರನ್ನು ನೋಡಿಕೊಳ್ಳುವ ಅಜ್ಜಿಗೂ ಕೂಲಿ ಇರಲಿ.

ಕಾರ್ಮಿಕ ಕಾರ್ಡ್ ಮಾಡಿಸುವುದು ಕಂಪನಿಯ ಕೆಲಸವೆಂದೇ ತಿಳಿಯಿರಿ. 18ರಿಂದ 60 ವರ್ಷದವರು, ಹಿಂದಿನ ವರ್ಷ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬಹುದು. ಆ 90 ದಿನಕ್ಕೆ ದಾಖಲೆ ಕೊಡಬೇಕಾದವರು ನೀವೇ, ಹಾಜರಿ ಪುಸ್ತಕ ಸರಿ ಇರಬೇಕು. ಬ್ಯಾಂಕ್ ಖಾತೆ ಇರುವವರಿಗೆ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ವಿಮೆಯಲ್ಲಿ ಅಪಘಾತದ ಸಾವಿಗೆ 2 ಲಕ್ಷ ರೂಪಾಯಿ ಸಿಗುತ್ತದೆ. ಅದು ಸಾಲದು. ಕಂಪನಿ ಹೆಸರಿನಲ್ಲಿ ಕಾರ್ಮಿಕ ಪರಿಹಾರ ಪಾಲಿಸಿಯನ್ನೂ ಕೊಳ್ಳಿ.

ಗುಡಿ, ಶಾಲೆ, ಮಠದ ದುರಸ್ತಿಗೆ ಪುಕ್ಕಟೆ ಕೆಲಸ ಕೇಳಿ ಬರುವವರಿದ್ದಾರೆ. ಮಾಡಿ. ಆದರೆ ದಾಸೋಹ ನಿಮ್ಮ ಲಾಭದಿಂದ ಆಗಲಿ, ಆ ದಿನದ ಕೂಲಿ ಆಳಿಗೆ ಪೂರ್ತಿ ಸಿಗಲಿ.

ಹೆಜ್ಜೆ 7: ರೊಕ್ಕದ ಕಂತು

ಮುಂಗಡ, ಪಾಯ, ಲಿಂಟಲ್, ಸ್ಲ್ಯಾಬ್, ಗಿಲಾವು, ಕೊನೆಯ ಕೆಲಸ ಹೀಗೆ ಕಂತು ಬರೆದುಕೊಳ್ಳಿ. ಪ್ರತಿ ಹಂತ ಶುರುವಾಗುವ ಮೊದಲೇ ಆ ಕಂತು ಬರಬೇಕು. ಒಂದು ಮನೆಯ ಮುಂಗಡ ಇನ್ನೊಂದರ ಸ್ಲ್ಯಾಬಿಗೆ ಹೋಗಬಾರದು, ಮನೆಗೊಂದು ಲೆಕ್ಕ ಇಡಿ. ಸಣ್ಣ ಗುತ್ತೇದಾರರು ಮುಳುಗುವುದು ನಷ್ಟದ ಕೆಲಸದಿಂದ ಅಷ್ಟಾಗಿ ಅಲ್ಲ, ಈ ಅದಲುಬದಲಿನಿಂದ. ಕಾರ್ಮಿಕರ ಕಲ್ಯಾಣಕ್ಕೆ ಹೋಗುವ ಸೆಸ್ಸು ಪರವಾನಗಿ ಹಂತದಲ್ಲೇ ಕಟ್ಟಬೇಕಾಗಬಹುದು, ಅದು ಯಾರ ಪಾಲು ಎಂದು ಕರಾರಿನಲ್ಲಿ ಬರೆದುಬಿಡಿ.

ಹೆಜ್ಜೆ 8: ಕೀಲಿ ಕೊಟ್ಟ ಮೇಲೆ

ಗೃಹಪ್ರವೇಶದ ಹೋಳಿಗೆ ಉಂಡು ಮರೆಯಾಗಬೇಡಿ. ಒಂದು ಪೂರ್ತಿ ಮಳೆಗಾಲ ಮತ್ತು ಒಂದು ಬೇಸಿಗೆ ದಾಟುವತನಕ ದುರಸ್ತಿ ನಿಮ್ಮ ಹೊಣೆ ಎಂದು ಕರಾರಿನಲ್ಲೇ ಇರಲಿ. ಎರೆಭೂಮಿಯ ಬಿರುಕು ಕಾಣಿಸಿಕೊಳ್ಳಲು ಅಷ್ಟು ಕಾಲ ಬೇಕು. ಮೊದಲ ದೊಡ್ಡ ಮಳೆಯ ಮರುದಿನ ಹೋಗಿ ಮಾಳಿಗೆ, ಕೊಳವೆ, ಟಾಕಿ ನೋಡಿ ಬನ್ನಿ. ಗೋಡೆಯೊಳಗಿನ ಪೈಪು, ವೈರು ಎಲ್ಲೆಲ್ಲಿ ಹಾದಿವೆ ಎಂಬ ನಕ್ಷೆ, ಗಿಲಾವಿಗೆ ಮೊದಲು ತೆಗೆದ ಫೋಟೊಗಳು, ಟಾಕಿ ತೊಳೆಯುವ ಕ್ರಮ ಇವನ್ನು ಒಂದು ಫೈಲಿಗೆ ಹಾಕಿ ಮನೆಯ ಯಜಮಾನ್ತಿಗೆ ಕೊಡಿ. ಅದರ ಜೊತೆ ಆ ಮನೆ ಕಟ್ಟಿದ ಗೌಂಡಿ, ಪ್ಲಂಬರ್, ಫರಸಿ ಕೆಲಸದವರ ಹೆಸರು, ಫೋನ್ ನಂಬರ್ ಅವರನ್ನು ಕೇಳಿ ಬರೆದಿಡಿ. ಮುಂದಿನ ಸಣ್ಣಪುಟ್ಟ ಕೆಲಸಕ್ಕೆ ಗಿರಾಕಿ ಅವರನ್ನೇ ನೇರವಾಗಿ ಕರೆಯಬಹುದು, ನಿಮ್ಮ ಕಮಿಷನ್ ಇಲ್ಲದೆ.