ಬಿಳಿ ಬೆಕ್ಕಿನ ಮೈ ಬೆಳ್ಳಗ ಇಡೋದು ಹೆಂಗ?
ವಿಜಯಪುರದ ಎರಿ ಮಣ್ಣಾಗ ಹೊರಳ್ಯಾಡಿ ಬಂದ ಬೆಕ್ಕಿಗೆ ಲಗೂನ ನೀರ ಹಾಕಬ್ಯಾಡ್ರಿ, ಹಸಿ ಆದ್ರ ಆ ಮಣ್ಣ ಇನ್ನೂ ಅಂಟಕೋತದ, ಒಣಗಲಿ ಬಿಡ್ರಿ, ಆಮ್ಯಾಲ ಸಣ್ಣ ಹಲ್ಲಿನ ಬಾಚಣಿಕಿಲೆ ಕೂದಲ ಇದ್ದ ದಿಕ್ಕಿಗೇ ಬಾಚ್ರಿ, ಭಾಳಷ್ಟು ಅಲ್ಲೇ ಉದುರತದ. ಜಿಡ್ಡಿದ್ರ ಸ್ವಲ್ಪ ಕಾರ್ನ್‌ಫ್ಲೋರ್ ಉದುರಿಸಿ ತಿಕ್ಕಿ, ಪೂರಾ ಬಾಚಿ ತಗೀರಿ. ಕಣ್ಣಿನ ಕೆಳಗ ಕೆಂಪ-ಕಂದು ಕಲಿ ಆಗತದಲ್ಲ, ಅದು ಕಣ್ಣೀರಾಗಿನ ಪಾರ್ಫಿರಿನ್ ಅನ್ನೋ ಬಣ್ಣದ ವಸ್ತುಂದು, ಉಗುರಬೆಚ್ಚಗಿನ ನೀರಾಗ ಅದ್ದಿದ ಹತ್ತಿಲೆ ದಿನಾ ಒರಸ್ರಿ, ಒಮ್ಮೆಲೆ ಜಾಸ್ತಿ ಆದ್ರ ಡಾಕ್ಟರ್‌ಗೆ ತೋರಸ್ರಿ. ನಮ್ಮ ಶಾಂಪೂ, ಬ್ಲೀಚ್, ಲಿಂಬಿಹಣ್ಣ ಯಾವದೂ ಬ್ಯಾಡ (ಯಾರರ ಹೇಳೇ ಹೇಳ್ತಾರ), ನೆಕ್ಕಿದ್ರ ಸೀದಾ ಹೊಟ್ಟಿಗೆ ಹೋಗತದ. ಬೆಕ್ಕಿನ ಶಾಂಪೂನೇ ತರ್ರಿ, ಅದೂ ಯಾವಾಗರ ಒಮ್ಮೆ. ಹಾಂ, ಬಿಳಿ ಬೆಕ್ಕಿನ ಕಿವಿ ತುದಿ ಬಿಸಲಿಗೆ ಸುಡತದ, ಮುಂದ ಕ್ಯಾನ್ಸರೂ ಆಗಬಹುದು, ಮಧ್ಯಾಹ್ನ ಮಾಳಗಿ ಮ್ಯಾಲ ಬಿಡಬ್ಯಾಡ್ರಿ.