ಅಡುಗೆಮನೆಯ ಕಪಾಟಿಗೆ ಬ್ರಾಂಡ್ ಹುಡುಕಿದ ಐದು ತಿಂಗಳು

ಜಯನಗರದ ನಮ್ಮ ಮನೆಯನ್ನು ಮಾವನವರು ಕಟ್ಟಿಸಿದ್ದು 1988ರಲ್ಲಿ. ಆ ಕಾಲದ ಬೆಂಗಳೂರಿನ ಮನೆಗಳಲ್ಲಿ ವಾಡಿಕೆಯಿದ್ದಂತೆ ಅಡುಗೆ ಕಟ್ಟೆಯ ಕೆಳಗೆ ಕಡಪ ಕಲ್ಲಿನ ಹಲಗೆಗಳು, ಅವುಗಳ ಮುಂದೆ ಮರದ ಚೌಕಟ್ಟಿಗೆ ಕೂರಿಸಿದ ಬಾಗಿಲುಗಳು. ಮೂವತ್ತೈದು ವರ್ಷದಲ್ಲಿ ಕಲ್ಲಿಗೆ ಏನೂ ಆಗಿರಲಿಲ್ಲ. ಚೌಕಟ್ಟನ್ನು ಮಾತ್ರ ಎರಡು ಸಲ ಗೆದ್ದಲು ತಿಂದಿತ್ತು. ಎರಡಡಿ ಆಳದ ಆ ಗೂಡುಗಳಲ್ಲಿ ಹಿಂದಕ್ಕೆ ಸರಿದುಹೋದ ಡಬ್ಬಿಯೊಂದನ್ನು ತೆಗೆಯಬೇಕಾದರೆ ನೆಲದ ಮೇಲೆ ಕುಳಿತು ಟಾರ್ಚ್ ಬಿಡಬೇಕಿತ್ತು. ಅತ್ತೆಯವರ ಮಂಡಿ ನೋವು ಹೆಚ್ಚಾದ ಮೇಲೆ, ಎಳೆದರೆ ಒಳಗಿರುವುದೆಲ್ಲ ಹೊರಗೆ ಬರುವಂಥ ಡ್ರಾಯರುಗಳಿರುವ ಮಾಡ್ಯುಲರ್ ಕಿಚನ್ ಮಾಡಿಸುವುದೆಂದು 2023ರ ಕೊನೆಯಲ್ಲಿ ತೀರ್ಮಾನಿಸಿದೆವು. ಯಾವ ಬ್ರಾಂಡ್ ಎಂಬುದನ್ನು ನೋಡಿಕೊಳ್ಳುವ ಹೊಣೆ ನನ್ನ ಪಾಲಿಗೆ ಬಂತು.

ಮೊದಲ ತಿಂಗಳು ಷೋರೂಮುಗಳ ಸುತ್ತಾಟದಲ್ಲೇ ಕಳೆಯಿತು. 2013ರಲ್ಲಿ ಏಷ್ಯನ್ ಪೇಂಟ್ಸ್ ತೆಕ್ಕೆಗೆ ಬಂದ ಸ್ಲೀಕ್, ಮನೆಯ ಬೀರುವಿನಿಂದಲೇ ಪರಿಚಿತವಾದ ಗೋದ್ರೆಜ್‌ನ ಇಂಟೀರಿಯೋ, ಬೆಂಗಳೂರಿನಲ್ಲೇ ಬೆಳೆದ ಲಿವ್‌ಸ್ಪೇಸ್ ಮತ್ತು ಹೋಮ್‌ಲೇನ್, 2022ರ ಜೂನ್‌ನಲ್ಲಿ ನಾಗಸಂದ್ರದಲ್ಲಿ ತೆರೆದ ಐಕಿಯಾ, ಇವೆಲ್ಲದರ ಮಳಿಗೆಗಳನ್ನು ನೋಡಿದೆ. ಇವುಗಳ ಜೊತೆಗೆ ಪೀಣ್ಯದ ಒಂದು ಸಣ್ಣ ಕಾರ್ಖಾನೆಯನ್ನೂ, ನಮ್ಮ ಬಡಾವಣೆಯಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿರುವ ಬಡಗಿಯೊಬ್ಬರನ್ನೂ ಪಟ್ಟಿಗೆ ಸೇರಿಸಿಕೊಂಡೆ. ಎಲ್ಲ ಮಳಿಗೆಗಳಲ್ಲೂ ಮೊದಲು ತೋರಿಸುತ್ತಿದ್ದುದು ಬಣ್ಣ ಮತ್ತು ಹೊಳಪು. ಮೂರನೆಯ ಮಳಿಗೆಯಲ್ಲಿ ಬೇಸರ ಬಂದು ಒಂದು ಡ್ರಾಯರನ್ನು ಪೂರ್ತಿ ಎಳೆದು ಬಗ್ಗಿ ನೋಡಿದಾಗ, ಅದು ಜಾರುವ ಲೋಹದ ಪಟ್ಟಿಯ, ಅಂದರೆ ಚಾನೆಲ್‌ನ ಮೇಲೆ ಹಿಂದಿನ ಮಳಿಗೆಯಲ್ಲಿ ಕಂಡಿದ್ದ ಜರ್ಮನ್ ಕಂಪನಿಯದೇ ಹೆಸರಿತ್ತು. ಬಾಗಿಲ ಮೇಲೆ ಅಂಟಿಸಿದ ತೆಳು ಹಾಳೆ, ಅಂದರೆ ಲ್ಯಾಮಿನೇಟ್, ಯಾರದೆಂದು ಕೇಳಿದೆ. ಅದೂ ಬೇರೆ ಕಂಪನಿಯದು. ಹಲಗೆ ಇನ್ನೊಂದು ಕಂಪನಿಯದು. ಕಿಚನ್ ಬ್ರಾಂಡ್ ಎಂದು ನಾವು ಕರೆಯುವ ಬಹುಪಾಲು ಹೆಸರುಗಳು, ಇನ್ಯಾರೋ ಮಾಡಿದ ಹಲಗೆ, ಲ್ಯಾಮಿನೇಟ್, ಕೀಲುಗಳನ್ನು ಅಳತೆಗೆ ಕತ್ತರಿಸಿ ಜೋಡಿಸಿ ಕೊಡುವವರ ಹೆಸರುಗಳು ಎಂಬುದು ನನಗೆ ಅರ್ಥವಾದದ್ದು ಅಲ್ಲಿ. ಅಂದಿನಿಂದ ಫಲಕದ ಮೇಲಿನ ಹೆಸರನ್ನು ಬಿಟ್ಟು, ಒಳಗೆ ಯಾರ ಯಾವ ಸಾಮಾನು ಇದೆ ಎಂಬುದನ್ನೇ ಒಂದು ಉದ್ದ ಪುಸ್ತಕದಲ್ಲಿ ಬರೆದುಕೊಳ್ಳತೊಡಗಿದೆ.

ಮೊದಲ ಪ್ರಶ್ನೆ ಡಬ್ಬದ, ಅಂದರೆ ಬಾಗಿಲು ಬಿಟ್ಟು ಉಳಿದ ಕಪಾಟಿನ ಪೆಟ್ಟಿಗೆಯ, ಹಲಗೆಯದು. ಮಾರುಕಟ್ಟೆಯಲ್ಲಿ ಮುಖ್ಯವಾಗಿ ಮೂರು ಬಗೆ ಸಿಕ್ಕವು: ಮರದ ಚೂರುಗಳನ್ನು ಅಂಟಿನಲ್ಲಿ ಒತ್ತಿ ಮಾಡುವ ಪಾರ್ಟಿಕಲ್ ಬೋರ್ಡ್, ಮರದ ನಾರನ್ನು ಹೆಚ್ಚು ಸಾಂದ್ರವಾಗಿ ಒತ್ತಿದ ಎಚ್‌ಡಿಎಚ್‌ಎಂಆರ್, ಮತ್ತು ಪದರ ಪದರವಾಗಿ ಅಂಟಿಸಿದ ಪ್ಲೈವುಡ್. ಪ್ಲೈವುಡ್‌ನಲ್ಲೂ ಭಾರತೀಯ ಮಾನದಂಡಗಳಾದ ಐಎಸ್ 303 ಮುದ್ರೆಯದಕ್ಕೂ ಐಎಸ್ 710 ಮುದ್ರೆಯದಕ್ಕೂ ವ್ಯತ್ಯಾಸವಿದೆ. ಎರಡನೆಯದನ್ನು ಅಂಗಡಿಯವರು ಮೆರೈನ್ ಪ್ಲೈ ಎನ್ನುತ್ತಾರೆ. ಅದರ ಅಂಟು 72 ಗಂಟೆ ಕುದಿಯುವ ನೀರಿನಲ್ಲಿದ್ದರೂ ಬಿಡಬಾರದೆಂಬುದು ಆ ಮಾನದಂಡದ ಪರೀಕ್ಷೆ. ಆದರೆ ಮಳಿಗೆಗಳಲ್ಲಿ ಎಲ್ಲರ ಬಾಯಲ್ಲೂ ಇದ್ದುದು ‘ವಾಟರ್ ಪ್ರೂಫ್’ ಎಂಬ ಒಂದೇ ಮಾತು. ಅದನ್ನು ನಂಬಲು ಮನಸ್ಸು ಒಪ್ಪದೆ, ಹೋದಲ್ಲೆಲ್ಲ ಅಂಗೈಯಗಲದ ಒಂದು ತುಂಡು ಕೊಡಿ ಎಂದು ಕೇಳಿದೆ. ಇಬ್ಬರು ಕೊಡಲಿಲ್ಲ. ಕೊಟ್ಟವರ ಐದು ತುಂಡುಗಳ ಮೇಲೆ ಪೆನ್ಸಿಲ್‌ನಲ್ಲಿ ಅಂಕಿ ಬರೆದು, ಡಿಪ್ಲೊಮಾ ಓದುತ್ತಿರುವ ಮಗನ ವರ್ನಿಯರ್ ಕ್ಯಾಲಿಪರ್‌ನಿಂದ ದಪ್ಪ ಅಳೆದು, ಬಚ್ಚಲಿನ ಬಕೆಟ್‌ನಲ್ಲಿ ಮೂರು ದಿನ ಮುಳುಗಿಸಿಟ್ಟೆ. ತೇಲದಿರಲಿ ಎಂದು ಮೇಲೆ ಒರಳಿನ ಗುಂಡನ್ನು ಹೇರಿದೆ.

ನಾಲ್ಕನೆಯ ದಿನ ಬೆಳಿಗ್ಗೆ ತೆಗೆದಾಗ, 18 ಮಿಲಿಮೀಟರ್ ಇದ್ದ ಸಾದಾ ಪಾರ್ಟಿಕಲ್ ಬೋರ್ಡ್ 21 ದಾಟಿತ್ತು. ಅದರ ಅಂಚನ್ನು ಉಗುರಿನಿಂದ ಕೆರೆದರೆ ನೆನೆದ ಅವಲಕ್ಕಿಯಂತೆ ಉದುರುತ್ತಿತ್ತು. ತೇವ ತಡೆಯುತ್ತದೆಂದು ಹೇಳಿ ಕೊಟ್ಟಿದ್ದ ಹಸಿರು ಛಾಯೆಯ ಬೋರ್ಡ್ ಸುಮಾರು ಒಂದೂವರೆ ಮಿಲಿಮೀಟರ್ ಉಬ್ಬಿತ್ತು. ಹಸಿರು ಎಂಬುದು ಬರೀ ಬಣ್ಣ, ಅದೇ ಒಂದು ಗುಣವಲ್ಲ ಎಂದು ಪುಸ್ತಕದಲ್ಲಿ ಬರೆದುಕೊಂಡೆ. ಎಚ್‌ಡಿಎಚ್‌ಎಂಆರ್ ತುಂಡಿನಲ್ಲಿ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಹೆಚ್ಚು ವ್ಯತ್ಯಾಸ ಕಂಡಿತು. ಎರಡು ಪ್ಲೈವುಡ್ ತುಂಡುಗಳಲ್ಲಿ ಕಣ್ಣಿಗೆ ಕಾಣುವಂಥದ್ದೇನೂ ಆಗಿರಲಿಲ್ಲ. ಇದು ಪ್ರಯೋಗಾಲಯದ ಪರೀಕ್ಷೆಯಲ್ಲ, ಅಡುಗೆಮನೆಯ ಕಪಾಟು ಮೂರು ದಿನ ನೀರಿನಲ್ಲಿ ಮುಳುಗಿರುವುದೂ ಇಲ್ಲ ಎಂಬುದನ್ನು ಒಪ್ಪುತ್ತೇನೆ. ನಾಲ್ಕೂ ಅಂಚಿಗೆ ಸರಿಯಾಗಿ ಪಟ್ಟಿ ಅಂಟಿಸಿದ ಪಾರ್ಟಿಕಲ್ ಬೋರ್ಡ್, ಗೋಡೆಗೆ ತೂಗುಹಾಕುವ ಮೇಲಿನ ಕಪಾಟುಗಳಿಗೆ ಖಂಡಿತ ಸಾಕು; ಐಕಿಯಾದ ಮೆಟೋಡ್ ಡಬ್ಬಗಳೂ 18 ಮಿಲಿಮೀಟರ್ ಪಾರ್ಟಿಕಲ್ ಬೋರ್ಡ್‌ನವೇ, ಜಗತ್ತಿನ ಎಷ್ಟೋ ಮನೆಗಳಲ್ಲಿ ಅವು ಚೆನ್ನಾಗಿಯೇ ಬಾಳಿಕೆ ಬಂದಿವೆ. ಆದರೆ ನಮ್ಮಲ್ಲಿ ದಿನಕ್ಕೆರಡು ಬಾರಿ ಕಟ್ಟೆಗೆ ನೀರು ಹಾಕಿ ತೊಳೆಯುವ, ನೆಲಕ್ಕೆ ಬಕೆಟ್ ಸುರಿದು ಒರೆಸುವ ಅಭ್ಯಾಸವಿರುವಾಗ ನೆಲದ ಡಬ್ಬಗಳಿಗೆ ಐಎಸ್ 710 ಪ್ಲೈ ಬಿಟ್ಟು ಬೇರೆ ಬೇಡವೆಂದು ನಿರ್ಧರಿಸಿದೆ. ಹಲಗೆಯ ಮೇಲಿನ ಐಎಸ್‌ಐ ಮುದ್ರೆಯ ಕೆಳಗೆ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆಯಿರುತ್ತದೆ. ಅದನ್ನು ಭಾರತೀಯ ಮಾನಕ ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ಮುದ್ರೆ ನಿಜವೋ ಸುಳ್ಳೋ ತಿಳಿಯುತ್ತದೆ.

ಬಾಗಿಲಿನ ಮೇಲ್ಮೈಯನ್ನು ಪರೀಕ್ಷಿಸಿದವರು ಅತ್ತೆಯವರು. ನಾನು ತಂದ ಅಕ್ರಿಲಿಕ್, ಮೆಂಬ್ರೇನ್ (ಹಲಗೆಗೆ ಬಿಗಿಯಾಗಿ ಒತ್ತಿದ ಪಿವಿಸಿ ಹಾಳೆ) ಮತ್ತು ಲ್ಯಾಮಿನೇಟ್ ಮಾದರಿಗಳನ್ನು ಸಾಲಾಗಿ ಜೋಡಿಸಿ, ಅರಿಶಿನ ಕಲಸಿದ ಎಣ್ಣೆಯನ್ನು ಪ್ರತಿಯೊಂದರ ಮೇಲೂ ಬೊಟ್ಟಿನಂತೆ ಇಟ್ಟು ರಾತ್ರಿಯಿಡೀ ಬಿಟ್ಟರು. ಬೆಳಿಗ್ಗೆ ಹೊಳಪಿನ ಅಕ್ರಿಲಿಕ್ ಒರೆಸಿದರೆ ಸ್ವಚ್ಛವಾಯಿತು, ಆದರೆ ಅವರು ಪಾತ್ರೆ ಉಜ್ಜುವ ಹಸಿರು ನಾರಿನಿಂದ ನಾಲ್ಕು ಸಲ ತಿಕ್ಕಿದ್ದೇ ಅದರ ಮೇಲೆ ಗೀರು ಮೂಡಿತು. “ನಮ್ಮ ಮನೆ ಕೆಲಸದವಳು ಮೆತ್ತನೆ ಬಟ್ಟೆ ಹುಡುಕಿಕೊಂಡು ಕೂರ್ತಾಳೇನಮ್ಮ?” ಎಂದು ಕೇಳಿದರು. ಬಿಳಿಯ ಮ್ಯಾಟ್ ಲ್ಯಾಮಿನೇಟ್ ಮೇಲೆ ತಿಳಿಹಳದಿ ಕಲೆ ಉಳಿಯಿತು. ಕೊನೆಗೆ ಬೂದು ಮತ್ತು ತೇಗದ ಬಣ್ಣದ, ಒಂದು ಮಿಲಿಮೀಟರ್ ದಪ್ಪದ ಲ್ಯಾಮಿನೇಟ್ ಆರಿಸಿದೆವು. ಬಾಗಿಲ ಹಲಗೆಯ ಹೊರಮೈಗೆ ಮಾತ್ರ ದಪ್ಪ ಲ್ಯಾಮಿನೇಟ್ ಹಾಕಿ ಒಳಮೈಗೆ ತೆಳುವಾದದ್ದು ಹಾಕಿದರೆ ಬಾಗಿಲು ಕಾಲಕ್ರಮದಲ್ಲಿ ಬಾಗುತ್ತದೆಂದು ಬಡಗಿಯವರು ಎಚ್ಚರಿಸಿದ್ದರಿಂದ ಎರಡೂ ಬದಿಗೆ ಒಂದೇ ದಪ್ಪದ್ದನ್ನು ಹಾಕಿಸಿದೆವು.

ಕೀಲು ಮತ್ತು ಚಾನೆಲ್‌ಗಳ ವಿಷಯದಲ್ಲಿ ಆಯ್ಕೆ ಸುಲಭವಾಗಿತ್ತು. ಆಸ್ಟ್ರಿಯಾದ ಬ್ಲಮ್, ಜರ್ಮನಿಯ ಹೆಟಿಚ್ ಮತ್ತು ಹೆಫೆಲೆ, ನಮ್ಮ ದೇಶದ ಎಬ್ಕೋ, ಇವುಗಳಲ್ಲಿ ಯಾವುದಾದರೂ ಸರಿಯೇ, ಆದರೆ ಕಂಪನಿಯ ಹೆಸರಿನ ಜೊತೆಗೆ ಮಾದರಿಯ ಹೆಸರು ಮತ್ತು ಹೊರುವ ತೂಕವೂ ಕೊಟೇಶನ್‌ನಲ್ಲಿರಬೇಕು. ಒಂದೇ ಕಂಪನಿಯಲ್ಲಿ 30 ಕಿಲೋ ಹೊರುವ ಚಾನೆಲ್ ಇದೆ, ಅದರ ಎರಡರಷ್ಟು ಹೊರುವುದೂ ಇದೆ. ಹಿತ್ತಾಳೆ ಪಾತ್ರೆ, ಕುಕ್ಕರ್‌ಗಳನ್ನಿಡುವ ಕೆಳಗಿನ ಡ್ರಾಯರಿಗೆ ಹೆಚ್ಚು ತೂಕದ್ದು ಬೇಕು. ಚಮಚ, ಸೌಟಿಗೆ ಕಡಿಮೆಯದು ಸಾಕು. ಮಳಿಗೆಯಲ್ಲಿ ಡ್ರಾಯರನ್ನು ಪೂರ್ತಿ ಹೊರಗೆಳೆದು ಅದರ ಮುಂತುದಿಯನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತಿ ನೋಡುವುದು ನನ್ನ ಪರೀಕ್ಷೆಯಾಗಿತ್ತು. ಅಲ್ಲಾಡಿದರೆ, ಜಗ್ಗಿದರೆ, ಅಲ್ಲಿಂದ ಮುಂದೆ ನಡೆಯುತ್ತಿದ್ದೆ.

ಐಕಿಯಾದ ವ್ಯವಸ್ಥೆ ನನಗೆ ನಿಜವಾಗಿ ಹಿಡಿಸಿತ್ತು. ಪ್ರತಿ ಡಬ್ಬಕ್ಕೂ, ಬಾಗಿಲಿಗೂ, ಕೀಲಿಗೂ ಬೇರೆ ಬೇರೆ ಬೆಲೆಯನ್ನು ಚೀಟಿ ಅಂಟಿಸಿ ಹೇಳುವವರು ನಾನು ಕಂಡಂತೆ ಅವರೊಬ್ಬರೇ. ಹಸಿರು ಮಾರ್ಗದ ಮೆಟ್ರೊದಲ್ಲಿ ಅತ್ತೆಯವರನ್ನೂ ಒಮ್ಮೆ ಕರೆದುಕೊಂಡು ಹೋದೆ. ಆದರೆ ಅಲ್ಲಿನ ನೆಲದ ಡಬ್ಬದ ಎತ್ತರ 80 ಸೆಂಟಿಮೀಟರ್, ಅದರ ಕಾಲು 8, ಅದರ ಮೇಲೆ ಕಟ್ಟೆಯ ಹಲಗೆ. ಒಟ್ಟು 90ನ್ನು ದಾಟುತ್ತದೆ. ಕಟ್ಟೆಯೊಳಗೆ ಹುದುಗಿಸಿದ ಒಲೆಗೆ ಅದು ಸರಿ. ನಮ್ಮ ಗ್ಯಾಸ್ ಒಲೆ ಕಟ್ಟೆಯ ಮೇಲೆ ಕೂರುವಂಥದ್ದು, ಅದಕ್ಕೇ ನಾಲ್ಕು ಇಂಚು. ಅದರ ಮೇಲೆ ಕುಕ್ಕರ್. ಅತ್ತೆಯವರ ಎತ್ತರ ನಾಲ್ಕು ಅಡಿ ಹನ್ನೊಂದು ಇಂಚು. ಅವರು ಮಳಿಗೆಯ ಕಟ್ಟೆಯ ಮುಂದೆ ನಿಂತು, ಗಾಳಿಯಲ್ಲೇ ಸೌಟು ಹಿಡಿದು ಹುಳಿ ತಿರುವಿದಂತೆ ಮಾಡಿ, “ಇಲ್ಲಿ ಮಣೆ ಹಾಕಿಕೊಂಡು ನಿಂತ್ಕೋಬೇಕಷ್ಟೇ” ಎಂದರು. ಮೊಣಕೈ ಭುಜದವರೆಗೆ ಏರಿತ್ತು. ಇನ್ನೊಂದು ತೊಡಕು ನಮ್ಮ ಗೋಡೆಯದು. ಹತ್ತಡಿ ಉದ್ದದ ಆ ಗೋಡೆ ಮೇಲ್ಭಾಗದಲ್ಲಿ ಇರುವುದಕ್ಕಿಂತ ಕೆಳಭಾಗದಲ್ಲಿ ಎರಡು ಸೆಂಟಿಮೀಟರ್ ಕಡಿಮೆ, ಮೂಲೆಯಲ್ಲಿ ನಾಲ್ಕು ಇಂಚಿನ ಕಂಬ ಬೇರೆ ಚಾಚಿಕೊಂಡಿದೆ. ಸಿದ್ಧ ಅಳತೆಯ ಡಬ್ಬಗಳನ್ನು ಅಲ್ಲಿ ಕೂರಿಸಿದರೆ ಒಂದೂಕಾಲು ಅಡಿ ಜಾಗ ವ್ಯರ್ಥವಾಗುತ್ತಿತ್ತು. ಹೊಸ ಅಪಾರ್ಟ್‌ಮೆಂಟ್ ಆಗಿದ್ದರೆ ನಾನು ಬಹುಶಃ ಅದನ್ನೇ ಕೊಳ್ಳುತ್ತಿದ್ದೆ.

ಕೊಟೇಶನ್‌ಗಳನ್ನು ಹೋಲಿಸುವುದು ಎಲ್ಲಕ್ಕಿಂತ ಹೆಚ್ಚು ಸಮಯ ತಿಂದಿತು, ಏಕೆಂದರೆ ಒಬ್ಬರು ಬೆಲೆ ಹೇಳಿದ ಲೆಕ್ಕದಲ್ಲಿ ಇನ್ನೊಬ್ಬರು ಹೇಳುತ್ತಿರಲಿಲ್ಲ. ಒಬ್ಬರದು ಡಬ್ಬದ ಲೆಕ್ಕ, ಒಬ್ಬರದು ಉದ್ದದ ಅಡಿಯ ಲೆಕ್ಕ, ಮತ್ತೊಬ್ಬರದು ಮುಂಭಾಗದ ಚದರಡಿಯ ಲೆಕ್ಕ. ಚದರಡಿಗೆ 2,200 ರೂಪಾಯಿ ಎಂದು ಹೇಳಿದವರೊಬ್ಬರು, ನಮ್ಮ ಎಲ್ ಆಕಾರದ ಕಟ್ಟೆಯ ಒಂದು ಬದಿಯನ್ನು 10 ಅಡಿ, ಇನ್ನೊಂದು ಬದಿಯನ್ನು 8 ಅಡಿ ಎಂದು ಹಿಡಿದು, ಎರಡೂವರೆ ಅಡಿ ಎತ್ತರಕ್ಕೆ 45 ಚದರಡಿ ಎಂದು ಬರೆದಿದ್ದರು. ಮೂಲೆಯ ಎರಡಡಿ ಎರಡೂ ಬದಿಯಲ್ಲಿ ಸೇರಿಹೋಗಿತ್ತು; ನಿಜವಾದ ಮುಂಭಾಗ 16 ಅಡಿ, ಅಂದರೆ 40 ಚದರಡಿ. ಆ ಒಂದು ಮೂಲೆಯ ಬೆಲೆ 11,000 ರೂಪಾಯಿ. ತೋರಿಸಿದಾಗ ನಕ್ಕು, “ಎಲ್ಲರೂ ಹಾಗೇ ಹಾಕ್ತೀವಿ ಮೇಡಂ” ಎಂದರು, ಮತ್ತು ತೆಗೆದರು.

ಎಲ್ಲವನ್ನೂ ಒಂದೇ ಹದಕ್ಕೆ ತರಲು ಪುಸ್ತಕದ ಎರಡು ಪುಟಗಳಲ್ಲಿ ಅಡ್ಡಡ್ಡ ಗೆರೆ ಹೊಡೆದು, ಪ್ರತಿಯೊಬ್ಬರಿಂದಲೂ ಅವೇ ಪ್ರಶ್ನೆಗಳಿಗೆ ಉತ್ತರ ಪಡೆದೆ: ಡಬ್ಬದ ಹಲಗೆ ಯಾವುದು, ಎಷ್ಟು ದಪ್ಪ, ಹಿಂಬದಿಯ ಹಲಗೆ ಎಷ್ಟು ದಪ್ಪ, ಅಂಚಿನ ಪಟ್ಟಿ ಎಷ್ಟು ಮಿಲಿಮೀಟರ್, ಡ್ರಾಯರುಗಳೆಷ್ಟು, ಚಾನೆಲ್ ಯಾವುದು, ಕಡಪ ಕಲ್ಲು ಒಡೆಯುವುದು, ಗ್ರಾನೈಟ್, ನಲ್ಲಿ, ಕರೆಂಟ್ ಕೆಲಸ ಸೇರಿದೆಯೇ, ಸಾಗಣೆ ಮತ್ತು 18% ಜಿಎಸ್‌ಟಿ ಸೇರಿದೆಯೇ. ಹಿಂಬದಿಯ ಹಲಗೆಯ ಪ್ರಶ್ನೆಗೆ ಬಂದ ಉತ್ತರಗಳು ಕುತೂಹಲಕರವಾಗಿದ್ದವು. ಮುಂದೆಲ್ಲ 18 ಮಿಲಿಮೀಟರ್ ಎಂದು ಗಟ್ಟಿ ದನಿಯಲ್ಲಿ ಹೇಳಿದವರು ಹಿಂದೆ 6 ಹಾಕುತ್ತಿದ್ದರು, ಕೆಲವರು 8, ಪೀಣ್ಯದವರು 12. ತೇವದ ಗೋಡೆಗೆ ಒರಗಿರುವುದು ಅದೇ ಹಲಗೆ. ವಾರಂಟಿ ಪತ್ರಗಳನ್ನೂ ಕೇಳಿ ತಂದು ಓದಿದೆ. ನಾನು ಓದಿದ ಮೂರರಲ್ಲೂ ಹತ್ತು ವರ್ಷ ಎಂಬುದು ದಪ್ಪ ಅಕ್ಷರದಲ್ಲಿಯೂ, ನೀರಿನಿಂದ ಆದ ಹಾನಿಗೆ ಅನ್ವಯಿಸುವುದಿಲ್ಲ ಎಂಬುದು ಸಣ್ಣ ಅಕ್ಷರದಲ್ಲಿಯೂ ಇತ್ತು. ಸ್ಟೀಲ್ ಡಬ್ಬದ ಕಿಚನ್ ತೋರಿಸಿದ ಒಬ್ಬ ಮಾರಾಟಗಾರರು ಅಯಸ್ಕಾಂತ ಹಿಡಿದು, ಅಂಟಲಿಲ್ಲವಾದ್ದರಿಂದ ಇದು 304 ದರ್ಜೆಯದೇ ಎಂದು ಸಾಧಿಸಿದರು. ಅಗ್ಗದ 202 ದರ್ಜೆಗೂ ಅಯಸ್ಕಾಂತ ಅಂಟುವುದಿಲ್ಲ. ದರ್ಜೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು.

ಒಂದೇ ಹದಕ್ಕೆ ತಂದ ಮೇಲೆ ದೊಡ್ಡ ಹೆಸರುಗಳ ಬೆಲೆ ಮೂರು ಲಕ್ಷ ನಲವತ್ತು ಸಾವಿರದಿಂದ ನಾಲ್ಕು ಲಕ್ಷ ಅರವತ್ತು ಸಾವಿರದವರೆಗೂ, ಪೀಣ್ಯದ ಕಾರ್ಖಾನೆಯದು ಮೂರು ಲಕ್ಷ ಐದು ಸಾವಿರಕ್ಕೂ ಬಂದು ನಿಂತಿತು. ಬಡಗಿಯವರದು ಇನ್ನೂ ಕಡಿಮೆಯಿತ್ತು. ಅವರ ಕೈಗೆಲಸದ ಬಗ್ಗೆ ನನಗೆ ಸಂಶಯವಿರಲಿಲ್ಲ. ಆದರೆ ಮನೆಯಲ್ಲೇ ಕತ್ತರಿಸಿ ಕೈಯಿಂದ ಅಂಟಿಸುವ ಅಂಚಿನ ಪಟ್ಟಿ, ಯಂತ್ರ ಬಿಸಿ ಅಂಟಿನಲ್ಲಿ ಒತ್ತಿದ ಪಟ್ಟಿಯಷ್ಟು ಬಿಗಿಯಾಗಿ ಕೂರುವುದಿಲ್ಲ. ಒಂದು ತಿಂಗಳು ಮನೆಯೊಳಗೆ ಗರಗಸದ ಹೊಟ್ಟು ಹಾರುವುದನ್ನು ತಡೆಯುವ ಶಕ್ತಿಯೂ ನಮಗಿರಲಿಲ್ಲ. ಪೀಣ್ಯಕ್ಕೆ ಹೋಗಿ ಯಂತ್ರವನ್ನು ಕಣ್ಣಾರೆ ನೋಡಿ, ಮುಂಗಡ 50, ಸಾಮಾನು ಮನೆಗೆ ಬಂದಾಗ 40, ಕೆಲಸ ಮುಗಿದು ಹದಿನೈದು ದಿನದ ಮೇಲೆ ಉಳಿದ 10% ಎಂದು ಬರೆಸಿಕೊಂಡು ಒಪ್ಪಿಸಿದೆವು. ಕಟ್ಟೆಯ ಎತ್ತರ 33 ಇಂಚು, ಒಲೆಯಿರುವ ಮೂರಡಿಯಷ್ಟು ಜಾಗ ಮಾತ್ರ 30 ಇಂಚು. ಈ ಮೂರು ಇಂಚಿನ ಇಳಿತವನ್ನು ಯಾವ ಷೋರೂಮಿನಲ್ಲೂ ಕಂಡಿರಲಿಲ್ಲ. ಅತ್ತೆಯವರು ಇಂದಿಗೂ ಎಲ್ಲರಿಗೂ ಮೊದಲು ತೋರಿಸುವುದು ಅದನ್ನೇ.

ಜೋಡಣೆಯ ದಿನ ಸಿಲಿಂಡರ್ ಇಡುವ ಡಬ್ಬಕ್ಕೆ ಗಾಳಿಕಿಂಡಿ ಬಿಟ್ಟಿರಲಿಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ತಳದಲ್ಲೇ ಕೂರುತ್ತದೆ. ಬಾಗಿಲಿನ ಕೆಳಭಾಗದಲ್ಲಿ ಜಾಲರಿ ಕೊರೆಸಿದ ಮೇಲೆಯೇ ಸಿಲಿಂಡರ್ ಒಳಗೆ ಹೋಯಿತು. ಸಿಂಕಿನ ಪೈಪಿಗಾಗಿ ಹಿಂಬದಿಯ ಹಲಗೆಯಲ್ಲಿ ತೂತು ಕೊರೆದು ಹಸಿ ಅಂಚನ್ನು ಹಾಗೆಯೇ ಬಿಟ್ಟಿದ್ದರು, ಅಲ್ಲಿಗೆ ಎದುರಿಗೇ ನಿಂತು ಸಿಲಿಕೋನ್ ತುಂಬಿಸಿದೆ.

ನನ್ನ ಕಣ್ಣು ತಪ್ಪಿದ್ದು ಬೇರೆಡೆ. ಏಳನೆಯ ತಿಂಗಳಲ್ಲಿ, ಡಬ್ಬಗಳ ಕಾಲುಗಳನ್ನು ಮುಚ್ಚುವ ನಾಲ್ಕಿಂಚಿನ ಸ್ಕರ್ಟಿಂಗ್ ಪಟ್ಟಿ ಸಿಂಕಿನ ಬಳಿ ಉಬ್ಬಿ ಬಣ್ಣದ ಪದರ ಬಿಚ್ಚಿಕೊಂಡಿತು. ಕಿತ್ತು ನೋಡಿದರೆ ಅದೇ ಬಕೆಟ್ಟಿನ ಅವಲಕ್ಕಿ: ಪಾರ್ಟಿಕಲ್ ಬೋರ್ಡ್. ಡಬ್ಬ, ಬಾಗಿಲು, ಬೆನ್ನು ಎಲ್ಲವನ್ನೂ ಕೇಳಿದ್ದ ನನ್ನ ಎರಡು ಪುಟಗಳಲ್ಲಿ ಸ್ಕರ್ಟಿಂಗ್ ಎಂಬ ಸಾಲೇ ಇರಲಿಲ್ಲ, ಕೊಟೇಶನ್ ಕೂಡ ಅದರ ಬಗ್ಗೆ ಮೌನವಾಗಿತ್ತು. ಹೀಗಾಗಿ ತಯಾರಕರನ್ನು ದೂರಲು ನನಗೆ ಆಧಾರವಿರಲಿಲ್ಲ. 4,800 ರೂಪಾಯಿ ಕೊಟ್ಟು ಪೂರ್ತಿ ಉದ್ದಕ್ಕೂ ಪಿವಿಸಿ ಪಟ್ಟಿ ಹಾಕಿಸಿದೆ. ಅದು ಕಾಲುಗಳಿಗೆ ಕ್ಲಿಪ್ಪಿನಿಂದ ಕಚ್ಚಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಕಿತ್ತು, ಕೆಳಗೆ ಗುಡಿಸಿ, ಮತ್ತೆ ಒತ್ತಿ ಕೂರಿಸುತ್ತೇವೆ.