ಅಜ್ಜಿ ಪದ ರೆಕಾರ್ಡ್ ಮಾಡೋಕೆ ಹೋಗೋ ಮುಂಚೆ

ಊರಿಗೆ ಹೋದಾಗ ಅಜ್ಜಿದೋ ದೊಡ್ಡಮ್ಮಂದೋ ಪದ ರೆಕಾರ್ಡ್ ಮಾಡ್ಕೊಂಡು ಬರ್ಬೇಕು ಅನ್ನೋರು ಈಗ ಜಾಸ್ತಿ ಆಗಿದ್ದಾರೆ, ಒಳ್ಳೇದೇ, ಯಾಕಂದ್ರೆ ಮನೇಲಿ ಮಿಕ್ಸಿ ಬಂದ್ಮೇಲೆ ಬೀಸೋ ಪದಕ್ಕೆ ಜಾಗ ಇಲ್ಲ, ಗದ್ದೆಗೆ ನಾಟಿ ಮಷಿನ್ ಇಳಿದ್ಮೇಲೆ ನಾಟಿ ಪದಕ್ಕೂ ಇಲ್ಲ. ಮೈಕ್ ಯಾವ್ದು ತಗೊಳ್ಳಿ, ಆ್ಯಪ್ ಯಾವ್ದು ಹಾಕ್ಕೊಳ್ಳಿ ಅಂತ ಎಲ್ಲರೂ ಕೇಳ್ತಾರೆ, ರೆಕಾರ್ಡ್ ಆದ್ಮೇಲೆ ಆ ಫೈಲು ಯಾರ್ದು ಅಂತ ಮಾತ್ರ ಯಾರೂ ಕೇಳಲ್ಲ. ನಾನೂ ಕೇಳಿರ್ಲಿಲ್ಲ, ಅದಕ್ಕೇ ಇದನ್ನ ಬರೀತಿರೋದು.

ನಮ್ಮದು ಕೊಳ್ಳೇಗಾಲದ ಕಡೆ. ಹಿಂದಿನ ಬೀದೀಲಿ ಒಬ್ರು ಅಜ್ಜಿ, ಮದುವೆ ಇರ್ಲಿ ಒಸಗೆ (ಹೆಣ್ಮಗು ದೊಡ್ಡೋಳಾದಾಗ ಮಾಡೋ ಶಾಸ್ತ್ರ) ಇರ್ಲಿ ಸೋಬಾನೆಗೆ ಅವರನ್ನೇ ಕರೆಯೋದು. ಒಂದ್ಸಲ ನಮ್ಮನೇಲಿ ಒಸಗೆ ಆದಾಗ ಒಳಗೆ ಹೆಂಗಸ್ರು ಹಾಡ್ತಿದ್ರು, ನಾನು ಬಾಗಿಲ ಪಕ್ಕ ನಿಂತ್ಕೊಂಡು ಫೋನಲ್ಲಿ ಹಿಡ್ಕೊಂಡೆ, ರಾತ್ರಿ ಯೂಟ್ಯೂಬಿಗೆ ಏರಿಸ್ದೆ, 'ಅಪರೂಪದ ಜನಪದ' ಅಂತ ಹೆಡ್ಡಿಂಗ್ ಬೇರೆ. ಎರಡು ವಾರಕ್ಕೆ ಅದು ಊರಿನ ವಾಟ್ಸಾಪ್ ಗ್ರೂಪಿಗೆಲ್ಲಾ ಹೋಯ್ತು, ಹುಡುಗರು ಅದರೊಳಗಿನ ಪೋಲಿ ಸಾಲು ಇಟ್ಕೊಂಡು ನಗಾಡ್ಕೊಂಡು ಓಡಾಡಿದ್ರು. ಅಜ್ಜಿ ಬೈಲಿಲ್ಲ. "ನಾ ಆ ಮಗೀಗ ಆಡಿದ್ದು ಕನ ಮೊಗ, ಊರ್ಗೆಲ್ಲ ಅಲ್ಲ" ಅಂದ್ರು, ಅಷ್ಟೇ. ಅದಾದ್ಮೇಲೆ ನಾನು ಹೋದ್ರೆ ಹಾಡ್ತಿರ್ಲಿಲ್ಲ.

ಹಂಗಾಗಿ ಮೊದಲನೇ ಕೆಲಸ ಏನಂದ್ರೆ, ಮೊದಲ ಸಲ ಹೋದಾಗ ಫೋನ್ ಜೇಬಲ್ಲೇ ಇರ್ಲಿ. ಕೂತ್ಕೊಂಡು ಕೇಳಿ: ಯಾವ ಪದ ಯಾವಾಗ ಹಾಡೋದು, ಯಾರ ಮುಂದೆ ಹಾಡೋದು, ಯಾವ್ದು ಹೊತ್ತಲ್ಲದ ಹೊತ್ತಲ್ಲಿ ಹಾಡ್ಬಾರ್ದು, ಯಾರಿಂದ ಕಲ್ತಿದ್ದು. ಸಾವಿನ ಮನೇಲಿ ಹಾಡೋದನ್ನ ಸುಮ್ನೆ ಕೂತಾಗ ಹಾಡಿ ಅಂದ್ರೆ ಎಷ್ಟೋ ಜನ ಒಪ್ಪಲ್ಲ, ಒಪ್ಪಿಸೋಕೆ ಹೋಗ್ಬೇಡಿ. ಮಲೆ ಮಾದೇಶ್ವರನ, ಅಂದ್ರೆ ಮಾದಪ್ಪನ ಪದ ಹಾಡೋ ದೇವರಗುಡ್ಡರು, ಮಂಟೇಸ್ವಾಮಿ ಪದ ಹಾಡೋ ನೀಲಗಾರರು ದೀಕ್ಷೆ ತಗೊಂಡು ಹಾಡೋರು, ಅವರಿಗೆ ಅದು ಪರ್ಫಾರ್ಮೆನ್ಸ್ ಅಲ್ಲ. ಕಾಡುಗೊಲ್ಲರ ಹಟ್ಟೀಲಿ ಗಣೆ ಅಂದ್ರೆ ಕೊಳಲು ಮಾತ್ರ ಅಲ್ಲ, ಅವರ ದೇವರು ಜುಂಜಪ್ಪನೇ. ತುಳುನಾಡಲ್ಲಿ ಪಾಡ್ದನ (ತುಳು ಕಥನ ಪದ) ನೇಜಿ, ಅಂದ್ರೆ ಭತ್ತದ ಸಸಿ ನೆಡೋವಾಗ ಗದ್ದೇಲೂ ಕೇಳತ್ತೆ, ದೈವದ ಕೋಲದಲ್ಲೂ ಕೇಳತ್ತೆ, ಎರಡರ ತೂಕ ಒಂದೇ ಅಲ್ಲ. ಅಲ್ಲಿ ದೈವ ಕಟ್ಟೋ ನಲಿಕೆ, ಪಂಬದ, ಪರವ ಸಮುದಾಯದವರು ತಲೆಮಾರುಗಳಿಂದ ನೇಮ ನಿಷ್ಠೆ ಇಟ್ಕೊಂಡು ಮಾಡ್ಕೊಂಡು ಬಂದಿದ್ದನ್ನ ಯಾರೋ ಮುಖಕ್ಕೆ ಬಣ್ಣ ಬಳ್ಕೊಂಡು ಮೂವತ್ತು ಸೆಕೆಂಡಿನ ರೀಲ್ಸ್ ಮಾಡಿದಾಗ ದೈವಾರಾಧಕರಿಗೆ ಯಾಕೆ ಸಿಟ್ಟು ಬಂತು ಅಂತ ಬೇರೆ ಹೇಳ್ಬೇಕಾ.

ಇನ್ನೊಂದು. ಹಾಡೋರು ಎಷ್ಟೋ ಊರಲ್ಲಿ ದಲಿತ ಕೇರಿಯವರು, ನಾವು ಹೋಗಿ ಊರಿನ ಗೌಡ್ರನ್ನ ಕೇಳ್ಕೊಂಡು ಬರ್ತೀವಿ, 'ಪರ್ಮಿಷನ್ ಸಿಕ್ತು' ಅಂತೀವಿ. ಗೌಡ್ರದ್ದಲ್ಲ ಆ ಪದ. ಆ ಕೇರಿಯ, ಆ ಹಟ್ಟಿಯ ಯಜಮಾನರು ಯಾರಿದ್ದಾರೋ ಅವರನ್ನ ಕೇಳಿ, ಹಾಡೋರನ್ನ ಬೇರೆ ಕೂರಿಸ್ಕೊಂಡು ಕೇಳಿ, ಗಂಡಸರು ಹೂಂ ಅಂದಿದ್ದಕ್ಕೆ ಹೆಂಗಸ್ರು ತಲೆ ಆಡಿಸಿರ್ತಾರೆ, ಅದು ಒಪ್ಪಿಗೆ ಅಲ್ಲ.

ಈಗ ಕಾನೂನು, ಇದು ಸ್ವಲ್ಪ ಕಿರಿಕಿರಿ ಆದ್ರೂ ಓದಿ. ತಲೆಮಾರಿಂದ ಬಂದ ಪದಕ್ಕೆ ನಮ್ಮ 1957ರ ಕಾಪಿರೈಟ್ ಕಾಯ್ದೇಲಿ ಇಂಥವರೇ ಓನರ್ ಅಂತ ಇಲ್ಲ, ಬರೆದವರ ಹೆಸರು ಗೊತ್ತಿಲ್ವಲ್ಲ. ಆದ್ರೆ ಸೌಂಡ್ ರೆಕಾರ್ಡಿಂಗಿಗೆ ಓನರ್ ಇದ್ದಾರೆ, ಯಾರು ಮುತುವರ್ಜಿ ವಹಿಸ್ಕೊಂಡು ರೆಕಾರ್ಡ್ ಮಾಡಿದ್ರೋ ಅವರು, ಅಂದ್ರೆ ನೀವು, ಪಬ್ಲಿಷ್ ಆದ್ಮೇಲೆ 60 ವರ್ಷ. ನಲವತ್ತು ವರ್ಷ ಆ ಪದ ಹೊತ್ಕೊಂಡು ಬಂದ ಅಜ್ಜಿಗೆ ಇಲ್ಲದ್ದು ಬಟನ್ ಒತ್ತಿದ ಮೊಮ್ಮಗನಿಗೆ ಸಿಗತ್ತೆ. ನನಗೆ ಇದು ಗೊತ್ತಾದ ದಿನ ನಿಜವಾಗ್ಲೂ ಒಂಥರಾ ಆಯ್ತು.

ಹಾಗಂತ ಅಜ್ಜಿಗೆ ಏನೂ ಇಲ್ಲ ಅಂತಲ್ಲ. ಅದೇ ಕಾಯ್ದೆಯ 38ನೇ ಸೆಕ್ಷನ್ನಲ್ಲಿ ಪರ್ಫಾರ್ಮರ್ ಹಕ್ಕು ಅಂತ ಇದೆ, ಹಾಡಿದ ವರ್ಷ ಮುಗಿದ ಮೇಲಿಂದ 50 ವರ್ಷ ನಡೆಯತ್ತೆ, ಪರ್ಫಾರ್ಮರ್ ಅಂದ್ರೆ ಹಾಡೋರು ಕುಣಿಯೋರು ಮಾತ್ರ ಅಲ್ಲ, ದೊಂಬರಾಟದವರು, ಹಾವಾಡಿಗರು ಕೂಡ ಅಂತ ಕಾಯ್ದೆನೇ ಹೆಸರು ಹಿಡಿದು ಹೇಳತ್ತೆ. 2012ರ ತಿದ್ದುಪಡಿ ಆದ್ಮೇಲೆ 'ಇದನ್ನ ಹಾಡಿದ್ದು ನಾನು' ಅಂತ ಹೆಸರು ಹಾಕಿಸ್ಕೊಳ್ಳೋ ಹಕ್ಕು, ತಿರುಚಿ ಹೆಸರು ಕೆಡಿಸಿದ್ರೆ ತಡೆಯೋ ಹಕ್ಕು ಎರಡೂ ಸೇರಿದೆ. ಒಂದು ಕಡೆ ಮಾತ್ರ ಹುಷಾರು: ವಿಡಿಯೋಗೆ ಹಾಡಿ, 'ಒಪ್ಪಿಗೆ ಇದೆ' ಅಂತ ಬರೀ ಒಂದು ಸೈನ್ ಹಾಕ್ಬಿಟ್ರೆ, ಬೇರೆ ಕರಾರು ಇಲ್ದಿದ್ರೆ ಆ ವಿಡಿಯೋನ ಬಳಸ್ಕೊಳ್ಳೋಕೆ ಆಮೇಲೆ ಅಡ್ಡಿ ಮಾಡೋಕೆ ಬರಲ್ಲ, ಕಮರ್ಷಿಯಲ್ ಬಳಕೆಗೆ ರಾಯಲ್ಟಿ ಕೇಳ್ಬಹುದು ಅಷ್ಟೇ. ಅದಕ್ಕೇ ಕಾಗದದಲ್ಲಿ ಏನು ಬರೀತೀರಿ ಅನ್ನೋದು ಮುಖ್ಯ.

ನಾನೀಗ ಬಳಸೋ ಕಾಗದ ಒಂದೇ ಪುಟದ್ದು, ಹೆಚ್ಚು ಕಮ್ಮಿ ಹಿಂಗಿದೆ, ಬೇಕಿದ್ರೆ ತಗೊಳ್ಳಿ:

"ನಾನು ಹಾಡಿದ ಈ ಪದಗಳನ್ನು ಕಲಿಯುವುದಕ್ಕೆ, ಉಳಿಸುವುದಕ್ಕೆ ಇಟ್ಟುಕೊಳ್ಳಬಹುದು. ಮನೆಯವರು ಮಾತ್ರ / ನಮ್ಮ ಜನ ಮಾತ್ರ / ಹೆಂಗಸರು ಮಾತ್ರ / ಯಾರು ಬೇಕಾದರೂ ಕೇಳಬಹುದು. ಇಂಟರ್ನೆಟ್ಟಿಗೆ ಹಾಕಬಹುದು / ಬೇಡ. ದುಡ್ಡಿನ ಕೆಲಸಕ್ಕೆ ಬಳಸುವ ಮುಂಚೆ ನನ್ನನ್ನು, ನಾನಿಲ್ಲದಿದ್ದರೆ ಇಂಥವರನ್ನು ಕೇಳಬೇಕು, ಬಂದದ್ದರಲ್ಲಿ ಪಾಲು ಕೊಡಬೇಕು. ಬಳಸಿದ ಕಡೆಯಲ್ಲೆಲ್ಲ ನನ್ನ ಹೆಸರು, ಊರು ಹಾಕಬೇಕು. ನಾನು ಬೇಡ ಅಂದ ದಿನ ತೆಗೆಯಬೇಕು. ರೆಕಾರ್ಡ್ ಮಾಡಿದವರು ನನ್ನನ್ನು ಕೇಳದೆ ಬೇರೆ ಯಾರಿಗೂ ಕೊಡುವಂತಿಲ್ಲ."

ಓದೋಕೆ ಬರ್ದಿದ್ರೆ ಗಟ್ಟಿಯಾಗಿ ಓದಿ ಹೇಳಿ, ಒಂದೊಂದು ಸಾಲಿಗೂ ಅವರು ಹೂಂ ಅಥವಾ ಊಹೂಂ ಅನ್ನೋದನ್ನೂ ರೆಕಾರ್ಡ್ ಮಾಡಿ, ಹೆಬ್ಬೆಟ್ಟಿಗಿಂತ ಅದು ಎಷ್ಟೋ ಮೇಲು. ಎರಡು ಪ್ರತಿ, ಒಂದು ಅವರ ಹತ್ರ. 'ನಾನಿಲ್ಲದಿದ್ದರೆ ಯಾರನ್ನು' ಅನ್ನೋ ಜಾಗ ಖಾಲಿ ಬಿಡ್ಬೇಡಿ, ಹಾಡೋರಿಗೆಲ್ಲಾ ಎಪ್ಪತ್ತು ಎಂಬತ್ತು ವಯಸ್ಸು. ಇದೇನೂ ವಕೀಲರು ಮಾಡ್ಕೊಟ್ಟ ಅಗ್ರಿಮೆಂಟ್ ಅಲ್ಲ, ಕ್ಯಾಸೆಟ್ ಕಂಪನಿ ಲೆವೆಲ್ಲಿನ ವ್ಯವಹಾರ ಇದ್ರೆ ವಕೀಲರ ಹತ್ರಾನೇ ಹೋಗಿ.

ದುಡ್ಡಿನ ವಿಚಾರ. ಅರ್ಧ ದಿನ ಕೂರಿಸ್ಕೊಂಡ್ರೆ ಅವರ ಅರ್ಧ ದಿನದ ಕೂಲಿ ಹೋಯ್ತು, ಅದಕ್ಕಿಂತ ಕಮ್ಮಿ ಕೊಡೋದು ಅವಮಾನ. ಕವರಲ್ಲಿ ತುರುಕಿ ಕೊಡೋ ಬದಲು ತಟ್ಟೇಲಿ ಎಲೆ ಅಡಿಕೆ ಇಟ್ಟು ಕೊಡಿ. ದುಡ್ಡು ಕೊಟ್ಟೆ ಅಂತ ಪದ ಕೊಂಡ್ಕೊಂಡಂಗೆ ಆಗಲ್ಲ, ಅದು ಬೇರೆ.

ರೆಕಾರ್ಡಿಂಗ್ ಬಗ್ಗೆ ಉದ್ದ ಹೇಳಲ್ಲ, ಈಗಿನ ಫೋನ್ ಸಾಕು. ಏರೋಪ್ಲೇನ್ ಮೋಡಿಗೆ ಹಾಕಿ, ಫ್ಯಾನ್ ಆಫ್ ಮಾಡಿ, ಮಡಚಿದ ಟವಲ್ ಮೇಲೆ ಫೋನ್ ಇಟ್ಟು ಹಾಡೋರಿಂದ ಒಂದು ಮೊಳ ದೂರದಲ್ಲಿಡಿ, ಆ್ಯಪಲ್ಲಿ ವೇವ್ (WAV) ಫಾರ್ಮ್ಯಾಟ್ ಇದ್ರೆ ಅದನ್ನೇ ಆರಿಸ್ಕೊಳ್ಳಿ, ಎಂಪಿ3 ಆಮೇಲೆ ಮಾಡ್ಕೋಬಹುದು. ಶುರುವಲ್ಲಿ ನೀವೇ ಬಾಯಲ್ಲಿ ಹೇಳಿ, ತಾರೀಕು, ಊರು, ಹಾಡೋರ ಪೂರ್ತಿ ಹೆಸರು, ಯಾರಿಂದ ಕಲ್ತಿದ್ದು, ದನಿಗೂಡಿಸೋ ಹಿಮ್ಮೇಳದವರ ಹೆಸರು. ಈ ಹೆಸರಿನ ವಿಷ್ಯದಲ್ಲಿ ನಾನು ಹಠಮಾರಿ, ಹಳೇ ಸಂಗ್ರಹಗಳನ್ನ ತೆಗೆದು ನೋಡಿ, ಸಂಪಾದಕರ ಹೆಸರು ದಪ್ಪಕ್ಷರದಲ್ಲಿ ಇರತ್ತೆ, ಹಾಡಿದೋರು ಎಷ್ಟೋ ಕಡೆ ಬರೀ 'ಒಬ್ಬ ಮುದುಕಿ'. ಅಂಕೋಲಾದ ಬಡಿಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು, ಅವರ ಹೆಸರು ಎಲ್ಲರಿಗೂ ಗೊತ್ತಾಯ್ತು, ಅವರ ಹಾಲಕ್ಕಿ ಸಮುದಾಯದ ಹೆಂಗಸ್ರಲ್ಲಿ ಹಾಡ್ತಿದ್ದೋರು ಅವರೊಬ್ರೇನಾ? ಹೆಸರು ಬರ್ದಿಟ್ರೆ ಇನ್ನೊಂದು ಉಪಯೋಗನೂ ಇದೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕೋವಾಗ ಕಲೆ ಮಾಡ್ಕೊಂಡು ಬಂದಿದ್ದಕ್ಕೆ ದಾಖಲೆ ಬೇಕಾಗತ್ತೆ, ನಿಮ್ಮ ರೆಕಾರ್ಡಿಂಗು ಫೋಟೋ ಅದರ ಜೊತೆ ಇಡ್ಬಹುದು.

ವಾಪಸ್ ಕೊಡೋದು ಎಲ್ಲರೂ ಮರೆಯೋ ಕೆಲಸ. ಲಿಂಕ್ ಕಳ್ಸಿದ್ರೆ ಕೊಟ್ಟಂಗಲ್ಲ, ಮೆಮೊರಿ ಕಾರ್ಡಲ್ಲಿ ಹಾಕಿ ಮನೇಲಿರೋ ರೇಡಿಯೋ ಸೆಟ್ಟಲ್ಲೋ ಮಗನ ಫೋನಲ್ಲೋ ಹಾಕಿ ಕೇಳ್ಸಿ ಬನ್ನಿ. ವಾಟ್ಸಾಪಲ್ಲಿ ಕಳ್ಸೋದಾದ್ರೆ ಡಾಕ್ಯುಮೆಂಟ್ ಅಂತ ಕಳ್ಸಿ. ಇದು ಎಷ್ಟು ದೊಡ್ಡ ವಿಷ್ಯ ಅಂತ ಅಮೆರಿಕದ ಪಾಸಮಾಕ್ವಾಡಿ ಅನ್ನೋ ಮೂಲನಿವಾಸಿ ಜನರ ಕತೆ ಕೇಳಿದ್ರೆ ಗೊತ್ತಾಗತ್ತೆ. 1890ರಲ್ಲಿ ಜೆಸ್ಸಿ ವಾಲ್ಟರ್ ಫ್ಯೂಕ್ಸ್ ಅನ್ನೋರು ಮೇನ್ ರಾಜ್ಯಕ್ಕೆ ಹೋಗಿ ಅವರ ಹಾಡು ಮಾತು ಎಲ್ಲಾ ಮೇಣದ ಸಿಲಿಂಡರಿಗೆ ಹಿಡಿದ್ರು, ಜನರಿರೋ ಜಾಗಕ್ಕೇ ಹೋಗಿ ಮಾಡಿದ ರೆಕಾರ್ಡಿಂಗುಗಳಲ್ಲಿ ಅದೇ ಮೊದಲಿಂದು. ಆ ಸಿಲಿಂಡರುಗಳು ಕೊನೆಗೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿದ್ವು, ನೂರು ವರ್ಷದ ಮೇಲೆ ಆ ಸಮುದಾಯದವರೇ ಕೂತು ಕೇಳಿ, ಯಾವ್ದು ಹೊರಗಿನವರು ಕೇಳ್ಬಹುದು ಯಾವ್ದು ಬೇಡ ಅಂತ ತೀರ್ಮಾನ ಮಾಡಿ ಲೇಬಲ್ ಹಾಕಿದ್ದಾರೆ.

ಆ ಲೇಬಲ್ಲುಗಳು ಲೋಕಲ್ ಕಾಂಟೆಕ್ಸ್ಟ್ಸ್ ಅನ್ನೋ ಸಂಸ್ಥೆದು, ಟಿ.ಕೆ. (ಟ್ರೆಡಿಷನಲ್ ನಾಲೆಡ್ಜ್, ಅಂದ್ರೆ ಪರಂಪರೆಯ ಅರಿವು) ಲೇಬಲ್ ಅಂತಾರೆ, ಹಾಕೋದು ನಾವಲ್ಲ, ಆ ಪದದ ಸಮುದಾಯದವರೇ. ಹೆಂಗಸ್ರಿಗೆ ಮಾತ್ರ, ಇಂಥ ಕಾಲಕ್ಕೆ ಮಾತ್ರ, ವ್ಯಾಪಾರಕ್ಕೆ ಅಲ್ಲ, ಹಿಂಗೆ ಬೇರೆ ಬೇರೆ ಇವೆ, ಕೋರ್ಟಲ್ಲಿ ನಿಲ್ಲೋ ಕಾನೂನಲ್ಲ, ಬಾಗಿಲಿಗೆ ಹಾಕಿದ ಬೋರ್ಡ್ ಇದ್ದಂಗೆ. ನಮ್ಮ ಅಜ್ಜಿಯ ಒಸಗೆ ಪದಕ್ಕೆ ಯಾವ ಲೇಬಲ್ ಹಾಕ್ಬೇಕಿತ್ತು ಅಂತ ನಿಮಗೇ ಗೊತ್ತು. ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಹಾಕೋಕೆ ಮುಂಚೆ ಮಾತ್ರ ಹತ್ತು ಸಲ ಯೋಚ್ನೆ ಮಾಡಿ, ಒಳ್ಳೇ ಮನಸ್ಸಿಂದ 'ಎಲ್ಲರಿಗೂ ಫ್ರೀ' ಅಂತ ಕೊಟ್ಬಿಡ್ತೀವಿ, ಒಂದ್ಸಲ ಕೊಟ್ಟ ಆ ಲೈಸೆನ್ಸ್ ವಾಪಸ್ ತಗೊಳ್ಳೋಕೆ ಆಗಲ್ಲ, ನಾಳೆ ಅಜ್ಜಿ ಬೇಡ ಅಂದ್ರೆ ಏನ್ ಮಾಡ್ತೀರಿ.

ಫೈಲನ್ನ ಒಂದೇ ಲ್ಯಾಪ್‌ಟಾಪಲ್ಲಿ ಇಟ್ಕೊಂಡ್ರೆ ಅದು ಉಳಿಸಿದಂಗಲ್ಲ. ಮನೇಲಿ ಒಂದು ಹಾರ್ಡ್ ಡಿಸ್ಕ್, ಅವರ ಮನೇಲಿ ಒಂದು ಕಾಪಿ, ಇನ್ನೊಂದು ಎಲ್ಲಾದ್ರೂ ಆರ್ಕೈವಲ್ಲಿ, ಅಂದ್ರೆ ಇಂಥ ರೆಕಾರ್ಡಿಂಗ್ ಕಾಪಾಡಿಡೋ ಸಂಗ್ರಹಾಲಯದಲ್ಲಿ. ರಾಮನಗರದ ಜಾನಪದ ಲೋಕ, ಹಾವೇರಿ ಜಿಲ್ಲೆ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ, ಉಡುಪಿ ಎಂಜಿಎಂ ಕಾಲೇಜಿನ ಪ್ರಾದೇಶಿಕ ಜಾನಪದ ರಂಗಕಲೆಗಳ ಕೇಂದ್ರ, 1982ರಲ್ಲಿ ಶುರುವಾಗಿ ಈಗ ದಿಲ್ಲಿ ಹತ್ರದ ಗುರುಗ್ರಾಮದಲ್ಲಿರೋ ಎಥ್ನೋಮ್ಯೂಸಿಕಾಲಜಿ (ಬೇರೆ ಬೇರೆ ಜನರ ಸಂಗೀತದ ಅಧ್ಯಯನ) ಆರ್ಕೈವ್, ಇವನ್ನೆಲ್ಲಾ ವಿಚಾರಿಸ್ಬಹುದು. ಎಲ್ಲಿ ಕೊಟ್ರೂ ಒಪ್ಪಿಗೆ ಕಾಗದದ ಕಾಪಿ ಜೊತೇಲೇ ಹೋಗ್ಲಿ, ಯಾರು ಕೇಳ್ಬಹುದು ಅನ್ನೋ ಷರತ್ತನ್ನ ಅವರು ಬರ್ಕೊಳ್ಳೋಕೆ ಒಪ್ಪದಿದ್ರೆ ಕೊಡ್ಬೇಡಿ.

ಯಾರೋ ನಿಮ್ಮ ರೆಕಾರ್ಡಿಂಗಿಗೆ ಬೀಟ್ಸ್ ಹಾಕಿ ಅವರ ಹೆಸರಲ್ಲಿ ಬಿಟ್ರೆ, ಆಗ ಮಾತ್ರ ನಿಮಗೆ ಸಿಕ್ಕಿರೋ ಆ ಬಿಟ್ಟಿ ಓನರ್‌ಶಿಪ್ ಕೆಲಸಕ್ಕೆ ಬರತ್ತೆ, ಯೂಟ್ಯೂಬಿಗೆ ಕಾಪಿರೈಟ್ ಕಂಪ್ಲೇಂಟ್ ಹಾಕಿ, ಮೂಲ ಫೈಲು, ತಾರೀಕು ಎಲ್ಲಾ ಇಟ್ಕೊಂಡಿರಿ. ಉಲ್ಟಾನೂ ಆಗತ್ತೆ, ಹಾಡೋರದ್ದೇ ವಿಡಿಯೋಗೆ ಯಾವ್ದೋ ಕಂಪನಿಯಿಂದ 'ಇದು ನಮ್ದು' ಅನ್ನೋ ಕ್ಲೇಮ್ ಬರತ್ತೆ, ಅದೇ ಪದನ ಅವರು ಮ್ಯೂಸಿಕ್ ಹಾಕಿ ಬಿಟ್ಟಿರ್ತಾರೆ. ಹೆದರ್ಕೊಂಡು ಡಿಲೀಟ್ ಮಾಡ್ಬೇಡಿ, ಡಿಸ್ಪ್ಯೂಟ್ ಹಾಕಿ, ಕ್ಲೇಮ್ ಮಾಡಿದೋರು 30 ದಿನದೊಳಗೆ ಉತ್ತರ ಕೊಡ್ಬೇಕು, ಇಲ್ದಿದ್ರೆ ಕ್ಲೇಮ್ ಬಿದ್ದೋಗತ್ತೆ.

ನಾನು ಆ ವಿಡಿಯೋ ತೆಗೆದೆ, ಗ್ರೂಪುಗಳಲ್ಲಿ ಹೋಗಿದ್ದು ಹೋಯ್ತು. ಒಂದು ವರ್ಷ ಆದ್ಮೇಲೆ ಅಜ್ಜಿನೇ ನನ್ನ ತಂಗೀನ ಕರ್ಸಿ, ಬಾಗಿಲು ಹಾಕ್ಕೊಂಡು, ಎರಡು ಮಧ್ಯಾಹ್ನ ಕೂತು ಇಪ್ಪತ್ತು ಚಿಲ್ರೆ ಪದ ಹಾಡಿದ್ರಂತೆ. ಫೋನ್ ಹೆಂಗಿಡ್ಬೇಕು ಅಂತ ನಾನು ಹೇಳ್ಕೊಟ್ಟಿದ್ದೆ ಅಷ್ಟೇ. ಕಾರ್ಡು ತಂಗಿ ಹತ್ರ ಇದೆ, ನಾನು ಕೇಳಿಲ್ಲ.